ಪಕ್ಕದ ಜಮೀನಿನಲ್ಲಿ ತೈಲಬಾವಿ ಬರುವುದಾದರೆ, ಸಹಿಗೆ ಮೊದಲು

ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯಲ್ಲಿ ಸ್ವಂತದ ಸಣ್ಣ ಚಹಾ ತೋಟ ನೋಡಿಕೊಂಡಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಈಚೆಗೆ ಫೋನ್ ಮಾಡಿದ್ದರು. ಅವರ ಪಕ್ಕದ ಜಮೀನಿನಲ್ಲಿ ತೈಲಬಾವಿ ಕೊರೆಯುವ ಪ್ರಸ್ತಾಪ ಬಂದಿದೆ. ಇವರ ತೋಟದಿಂದ ರಸ್ತೆಗೆಂದು ಅಂಚಿನ ಒಂದು ಪಟ್ಟಿ ಜಾಗ ಬೇಕು, ಜೊತೆಗೆ ತಮ್ಮದೇನೂ ಆಕ್ಷೇಪಣೆ ಇಲ್ಲವೆಂದು ಒಂದು ಪತ್ರಕ್ಕೆ ಸಹಿ ಬೇಕು ಎಂದು ಗುತ್ತಿಗೆದಾರರ ಕಡೆಯವರು ಮನೆಗೆ ಬಂದು ಹೋಗಿದ್ದಾರೆ. ಎಷ್ಟು ಹಣ ಕೇಳಬೇಕು ಎಂಬುದು ಸಹೋದ್ಯೋಗಿಯ ಪ್ರಶ್ನೆ. ಹಣದ ಮಾತು ಕೊನೆಗಿರಲಿ, ಅದಕ್ಕಿಂತ ಮೊದಲು ಕೇಳಬೇಕಾದದ್ದು ಬಹಳ ಇದೆ ಎಂದು ನಾನು ಹೇಳಿದೆ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಕುಳಿತು ತೈಲಬಾವಿಯ ಬಗ್ಗೆ ಏಕೆ ಬರೆಯಬೇಕು ಎಂದು ನಿಮಗೆ ಅನ್ನಿಸಬಹುದು. ನಮ್ಮ ನೆಲದಡಿ ಇರುವುದು ಪ್ರಾಚೀನವಾದ ಗಟ್ಟಿ ಶಿಲೆ. ತೈಲ ಸಿಗುವುದು ಕೋಟ್ಯಂತರ ವರ್ಷಗಳ ಕಾಲ ಹೂಳು ಪದರಪದರವಾಗಿ ಕೂತ ಪ್ರದೇಶಗಳಲ್ಲಿ, ಆದ್ದರಿಂದ ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಯಾರೂ ತೈಲ ಹುಡುಕಿಕೊಂಡು ಬರುವುದಿಲ್ಲ. ಆದರೆ ತಲಕಾವೇರಿಯಲ್ಲಿ ಹುಟ್ಟುವ ನಮ್ಮ ನದಿ ಸಮುದ್ರ ಸೇರುವ ತಿರುವಾರೂರು, ನಾಗಪಟ್ಟಿಣಂ ಕಡೆ ಗದ್ದೆಗಳ ನಡುವೆಯೇ ತೈಲಬಾವಿಗಳಿವೆ. ನಮ್ಮವರು ಅನೇಕರು ಅಸ್ಸಾಮಿನ ಚಹಾ ತೋಟಗಳಲ್ಲಿ ದುಡಿದಿದ್ದಾರೆ, ಈಗಲೂ ದುಡಿಯುತ್ತಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಕಲ್ಲು ಕ್ವಾರಿಗೆಂದೋ ವಿದ್ಯುತ್ ಗೋಪುರಕ್ಕೆಂದೋ ನಮ್ಮ ಮನೆ ಬಾಗಿಲಿಗೆ ಕಾಗದ ಹಿಡಿದು ಬರುವವರ ಮುಂದೆ ನಾವು ಕೇಳಬೇಕಾದ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ. ಮೈಸೂರು–ಕೋಝಿಕ್ಕೋಡ್ ನಡುವಿನ 400 ಕೆವಿ ವಿದ್ಯುತ್ ಮಾರ್ಗಕ್ಕಾಗಿ ನಮ್ಮ ಜಿಲ್ಲೆಯಲ್ಲಿ ಮರಗಳು ಉರುಳಿದ್ದನ್ನು ನಾವೆಲ್ಲ ನೋಡಿದ್ದೇವೆ.

ಮೊದಲು ಒಡೆತನದ ವಿಷಯ. ಅಂತರ್ಜಾಲದಲ್ಲಿ ಈ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಖಾಸಗಿ ಜಮೀನಿನ ಅಡಿಯ ಖನಿಜದ ಹಕ್ಕು ಖಾಸಗಿಯವರದೇ ಆಗಿರಬಹುದು, ಅದನ್ನು ಮೇಲಿನ ನೆಲದಿಂದ ಬೇರ್ಪಡಿಸಿ ಮಾರಲೂಬಹುದು. ತೈಲ ಬಂದರೆ ಹಕ್ಕುದಾರನಿಗೆ ಅದರಲ್ಲಿ ಪಾಲು ಸಿಗುತ್ತದೆ, ಆ ಪಾಲು ಎಂಟನೆಯ ಒಂದು ಎಂಬುದು ಬಹುಕಾಲ ನಡೆದುಬಂದ ರೂಢಿ. ಅದನ್ನು ಓದಿ ನಮ್ಮವರು ಲೆಕ್ಕ ಹಾಕಲು ಕೂರಬಾರದು. ಭಾರತದಲ್ಲಿ ತೈಲ ತೆಗೆಯುವ ಗುತ್ತಿಗೆಯನ್ನು 1948ರ ತೈಲಕ್ಷೇತ್ರಗಳ ಕಾಯ್ದೆ ಮತ್ತು ಅದರಡಿಯ ನಿಯಮಗಳ ಪ್ರಕಾರ ಸರ್ಕಾರ ಕೊಡುತ್ತದೆ, ಸಮುದ್ರದಲ್ಲಲ್ಲದೆ ನೆಲದ ಮೇಲಿರುವ ಬಾವಿಗಳ ರಾಜಧನ, ಅಂದರೆ ತೆಗೆದ ತೈಲದ ಮೇಲೆ ಕೊಡಬೇಕಾದ ಪಾಲು, ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಮಲಬಾರಿನ ಜನ್ಮಂ (ವಂಶಪಾರಂಪರ್ಯ ಒಡೆತನದ) ಜಮೀನುಗಳ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಕಾನೂನುಬದ್ಧವಾಗಿ ಕಿತ್ತುಕೊಳ್ಳದ ಹೊರತು ನೆಲದಡಿಯ ಖನಿಜದ ಹಕ್ಕು ನೆಲದ ಒಡೆತನದ ಜೊತೆಗೇ ಹೋಗುತ್ತದೆ ಎಂದು ಹೇಳಿದ್ದು ನಿಜ. ಅದೇ ರೀತಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವ ಕೊಡಗಿನ ನಾವು ಅದನ್ನು ತಿಳಿದಿರುವುದೂ ಒಳ್ಳೆಯದು. ಆದರೆ ತೈಲದ ವಿಷಯದಲ್ಲಿ ಆ ತೀರ್ಪನ್ನು ನಂಬಿಕೊಂಡು ರಾಜಧನದ ಆಸೆಯಲ್ಲಿ ಸಹಿ ಹಾಕುವುದು ಸರಿಯಲ್ಲ. ಜಮೀನಿನಲ್ಲಿ ಬಾವಿ ಬಂದವನಿಗೆ ಸಿಗುವುದು ಮೇಲಿನ ನೆಲದ ಬೆಲೆ ಅಥವಾ ಬಾಡಿಗೆ, ಬೆಳೆಯ ಪರಿಹಾರ. ಪಕ್ಕದವನಿಗೆ ತಾನಾಗಿ ಸಿಗುವುದು ಏನೂ ಇಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಈ ಪಕ್ಕದವನ ಬಗ್ಗೆಯೇ. ಜಮೀನು ಕೊಟ್ಟವನ ಕೈಯಲ್ಲಿ ಒಂದು ಕರಾರು ಇರುತ್ತದೆ, ಅದರಲ್ಲಿ ಅಳತೆ, ಅವಧಿ, ಹಣ ಎಲ್ಲವೂ ಬರೆದಿರುತ್ತದೆ. ಪಕ್ಕದವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಆದರೆ ನೀರು, ಹೊಗೆ, ಶಬ್ದ, ಬೆಂಕಿ ಇವು ಸರ್ವೆ ಕಲ್ಲು ನೋಡಿ ನಿಲ್ಲುವುದಿಲ್ಲ. ನಾಳೆ ಬಾವಿಯ ನೀರು ಕೆಟ್ಟಿತೆಂದು ಆತ ದೂರು ಕೊಟ್ಟರೆ, ಮೊದಲು ಚೆನ್ನಾಗಿತ್ತು ಎನ್ನುವುದಕ್ಕೆ ಸಾಕ್ಷಿ ಏನು ಎಂಬ ಒಂದೇ ಪ್ರಶ್ನೆಗೆ ಅವನ ಮಾತು ನಿಂತುಹೋಗುತ್ತದೆ. ಆ ಸಾಕ್ಷಿಯನ್ನು ರಿಗ್ ಬರುವ ಮೊದಲೇ ಮಾಡಿಟ್ಟುಕೊಳ್ಳಬೇಕು, ಆಮೇಲೆ ಮಾಡಲು ಬರುವುದಿಲ್ಲ.

ಬಾಗ್‌ಜಾನ್ ನೆನಪಿರಬಹುದು. ಅದೇ ತಿನ್‌ಸುಕಿಯಾ ಜಿಲ್ಲೆಯಲ್ಲಿ ಆಯಿಲ್ ಇಂಡಿಯಾದ 5ನೇ ನಂಬರಿನ ಬಾವಿ 2020ರ ಮೇ 27ರಂದು ದುರಸ್ತಿ ಕೆಲಸದ ನಡುವೆ ಹತೋಟಿ ತಪ್ಪಿ ಅನಿಲ ಉಗುಳಲು ತೊಡಗಿತು. ಜೂನ್ 9ರಂದು ಬೆಂಕಿ ಹೊತ್ತಿಕೊಂಡಿತು. ಅಗ್ನಿಶಾಮಕ ದಳದ ಇಬ್ಬರು ಪ್ರಾಣ ಕಳೆದುಕೊಂಡರು, ಸಾವಿರಾರು ಜನ ಮನೆ ಬಿಟ್ಟು ಪರಿಹಾರ ಶಿಬಿರ ಸೇರಿದರು. ಬೆಂಕಿ ಪೂರ್ತಿಯಾಗಿ ಆರಿದ್ದು ನವೆಂಬರ್ 15ರಂದು. ಅನಿಲದ ಜೊತೆ ಬಂದ ಎಣ್ಣೆ ಚಹಾ ಗಿಡಗಳ ಮೇಲೆ, ಗದ್ದೆಗಳ ಮೇಲೆ, ಪಕ್ಕದ ಮಾಗುರಿ–ಮೋಟಾಪುಂಗ್ ಕೆರೆಯ ಮೇಲೆ ಕೂತಿತು. ಮನೆ ತೋಟ ಕಳೆದುಕೊಂಡವರಲ್ಲಿ ಹೆಚ್ಚಿನವರು ಬಾವಿಗೆ ಜಾಗ ಕೊಟ್ಟವರಲ್ಲ, ಸುತ್ತ ಇದ್ದವರು. ಆಂಧ್ರದ ಪಾಸರ್ಲಪೂಡಿಯಲ್ಲಿ 1995ರಲ್ಲಿ ಒಂದು ಬಾವಿ ಎರಡು ತಿಂಗಳಿಗೂ ಹೆಚ್ಚು ಕಾಲ ಉರಿದಿತ್ತು. ಇಂಥ ಅವಘಡಗಳು ಅಪರೂಪ, ಆದರೆ ಅಪರೂಪದ್ದು ನಡೆದಾಗ ಯಾರ ಹೆಸರು ಯಾವ ಪಟ್ಟಿಯಲ್ಲಿ ಇರಬೇಕೆಂಬುದು ಅದಕ್ಕೆ ಮೊದಲಿನ ದಾಖಲೆಗಳಿಂದಲೇ ತೀರ್ಮಾನವಾಗುತ್ತದೆ.

ದೊಡ್ಡ ಅವಘಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಿತ್ಯದ ಸಣ್ಣ ಹಾನಿ. ಬಾವಿ ಕೊರೆಯುವಾಗ ಜೇಡಿಮಣ್ಣು, ರಾಸಾಯನಿಕ ಬೆರೆಸಿದ ಕೆಸರನ್ನು ಒಳಗೆ ಸುತ್ತಾಡಿಸುತ್ತಾರೆ. ಮೇಲೆ ಬಂದ ಕಲ್ಲಿನ ಪುಡಿ ಮತ್ತು ಕೊಳಕು ನೀರನ್ನು ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯಲ್ಲಿ ಹಿಡಿದಿಡುತ್ತಾರೆ. ಮೇಲ್ ಅಸ್ಸಾಮಿನ ಒಂದು ತೋಟದ ಬೇಲಿಯಾಚೆ ಇದ್ದ ಅಂಥ ಗುಂಡಿಯನ್ನು ನಾನು ಜೂನ್ ತಿಂಗಳ ಮಳೆಯಲ್ಲಿ ನಿಂತು ನೋಡಿದ್ದೇನೆ. ಬೂದು ಬಣ್ಣದ ನೀರು ಅಂಚಿಗೆ ಒಂದು ಗೇಣು ಕೆಳಗಿತ್ತು, ಹಾಸಿದ ಹಾಳೆಯ ಒಂದು ಮೂಲೆ ಮಡಚಿಕೊಂಡು ಮಣ್ಣು ಕಾಣುತ್ತಿತ್ತು, ಅಲ್ಲಿಂದ ನಮ್ಮ ಚಹಾ ಗಿಡಗಳ ಚರಂಡಿಗೆ ಇಳಿಜಾರು. ಗುಂಡಿಯನ್ನು ಎಷ್ಟು ಮಳೆಗೆ ಲೆಕ್ಕ ಹಾಕಿ ತೋಡಿದ್ದೀರಿ ಎಂದು ಕೇಳಿದರೆ ಸ್ಥಳದಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಮ್ಮ ಭಾಗಮಂಡಲದ ಮಳೆ ಗೊತ್ತಿರುವವರಿಗೆ ಈ ಪ್ರಶ್ನೆಯ ತೂಕವನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಾಗಿ ನೀರಿನ ಪರೀಕ್ಷೆ ಮೊದಲನೆಯ ಕೆಲಸ. ತೈಲದ ಜೊತೆ ಆಳದಿಂದ ಮೇಲೆ ಬರುವ ನೀರು ಸಾಮಾನ್ಯವಾಗಿ ಉಪ್ಪು. ಅದು ಕುಡಿಯುವ ನೀರಿನ ಪದರಕ್ಕೆ ಸೇರದಂತೆ ಉಕ್ಕಿನ ಕೊಳವೆ ಇಳಿಸಿ ಸುತ್ತ ಸಿಮೆಂಟ್ ತುಂಬುತ್ತಾರೆ, ಆ ಸಿಮೆಂಟ್ ಸರಿಯಾಗಿ ಕೂರದಿದ್ದರೆ ತೊಂದರೆ ಶುರುವಾಗುತ್ತದೆ. ಆದ್ದರಿಂದ ಮನೆಯ ಬಾವಿ, ಕೊಳವೆಬಾವಿ, ಕೆರೆ, ತೋಡು ಎಲ್ಲದರಿಂದಲೂ ಮಾನ್ಯತೆ ಪಡೆದ ಪ್ರಯೋಗಾಲಯದವರ ಕೈಯಿಂದಲೇ ಮಾದರಿ ತೆಗೆಸಬೇಕು. ನಾವೇ ಬಾಟಲಿಯಲ್ಲಿ ತುಂಬಿ ಕಳಿಸಿದ ನೀರನ್ನು ನಾಳೆ ಎದುರು ಪಕ್ಷದವರು ಒಪ್ಪುವುದಿಲ್ಲ. ಕ್ಲೋರೈಡ್, ಕರಗಿದ ಲವಣಗಳ ಒಟ್ಟು ಪ್ರಮಾಣ, ಬೇರಿಯಂ, ಎಣ್ಣೆಯ ಅಂಶ, ಮೀಥೇನ್ ಇಷ್ಟನ್ನಾದರೂ ನೋಡಿಸಬೇಕು. ಸಾಧ್ಯವಾದರೆ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ. ನೀರಿನ ಮಟ್ಟವನ್ನೂ ಬರೆದಿಡಬೇಕು. ಈ ಖರ್ಚನ್ನು ಕಂಪನಿಯೇ ಕೊಡಲಿ ಎಂದು ಕೇಳುವುದು ನ್ಯಾಯವೇ ಆದರೂ, ಕೊಡದಿದ್ದರೆ ನಾಲ್ಕು ಮನೆಯವರು ಸೇರಿ ಕೊಡುವುದು ಮೇಲು.

ಇನ್ನು ಕಾಗದದ ವಿಷಯ. ನನ್ನ ಸಹೋದ್ಯೋಗಿಯ ಕೈಗೆ ಕೊಟ್ಟ ಪತ್ರವನ್ನು ಅವರು ಫೋಟೊ ತೆಗೆದು ಕಳಿಸಿದ್ದರು, ಅದರಲ್ಲಿ ಎರಡು ಮಾತುಗಳನ್ನು ನಾನು ಮತ್ತೆ ಮತ್ತೆ ಓದಿದೆ. ರಸ್ತೆಯ ಜಾಗವನ್ನು ‘ಕೆಲಸಕ್ಕೆ ಅಗತ್ಯವಿರುವಷ್ಟು ಕಾಲ’ ಬಳಸಬಹುದು ಎಂಬುದು ಒಂದು. ಕೊಡುವ ಹಣ ‘ಈಗಿನ ಮತ್ತು ಮುಂದಿನ ಎಲ್ಲ ಹಾನಿಗೂ ಪೂರ್ಣ ಮತ್ತು ಅಂತಿಮ ಪರಿಹಾರ’ ಎಂಬುದು ಇನ್ನೊಂದು. ಕೊರೆಯುವ ಕೆಲಸ ಕೆಲವು ತಿಂಗಳಲ್ಲಿ ಮುಗಿಯಬಹುದು, ಆದರೆ ತೈಲ ಸಿಕ್ಕಿದರೆ ಬಾವಿ ದಶಕಗಳ ಕಾಲ ಇರುತ್ತದೆ. ಬಾಗ್‌ಜಾನಿನ ಆ ಬಾವಿಯನ್ನು ಕೊರೆದಿದ್ದು 2006ರಲ್ಲಿ, ಅದು ಹತೋಟಿ ತಪ್ಪಿದ್ದು 14 ವರ್ಷಗಳ ಮೇಲೆ. ಮುಂದಿನ ಹಾನಿಯನ್ನೂ ಇಂದಿನ ಚೆಕ್ಕಿನಲ್ಲಿ ತೀರಿಸಿಕೊಂಡೆ ಎಂದು ಬರೆದುಕೊಟ್ಟವನು ತನ್ನ ಮಕ್ಕಳ ಬಾಯನ್ನೂ ಕಟ್ಟಿದಂತಾಗುತ್ತದೆ. ಆ ಸಾಲನ್ನು ಹೊಡೆದುಹಾಕದ ಹೊರತು ಎಷ್ಟೇ ದೊಡ್ಡ ಮೊತ್ತ ಹೇಳಿದರೂ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವಧಿಯನ್ನು ವರ್ಷಗಳಲ್ಲಿ ಬರೆಯಬೇಕು, ಕಂಪನಿ ತನ್ನ ಗುತ್ತಿಗೆಯನ್ನು ಬೇರೆಯವರಿಗೆ ವಹಿಸಿದರೂ ಷರತ್ತುಗಳು ಅವರಿಗೂ ಅನ್ವಯಿಸಬೇಕು, ಗುತ್ತಿಗೆದಾರನಲ್ಲ, ಕಂಪನಿಯ ಅಧಿಕಾರವುಳ್ಳ ಅಧಿಕಾರಿಯೇ ಸಹಿ ಮಾಡಬೇಕು.

ಕಾನೂನಿನಲ್ಲಿ ನಮಗೆ ಅನುಕೂಲವಾದ ಅಂಶಗಳೂ ಇವೆ. 2013ರ ಭೂಸ್ವಾಧೀನ ಕಾಯ್ದೆಯಡಿ ಸರ್ಕಾರ ಜಮೀನನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುವುದಾದರೆ ಮೂರು ವರ್ಷ ಮೀರುವಂತಿಲ್ಲ. ಆ ಬಳಕೆಯಿಂದ ನೆಲ ಮೊದಲಿನ ಉಪಯೋಗಕ್ಕೆ ಶಾಶ್ವತವಾಗಿ ಬಾರದಂತಾದರೆ ಅದನ್ನು ಸ್ವಾಧೀನ ಮಾಡಿಕೊಳ್ಳಿ ಎಂದು ಒಡೆಯನೇ ಕೇಳಬಹುದು. ಕೊಳವೆಮಾರ್ಗಕ್ಕೆ 1962ರ ಕಾಯ್ದೆ ಬಳಸಿದರೆ ನೆಲ ನಮ್ಮದಾಗಿಯೇ ಉಳಿಯುತ್ತದೆ, ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪಣೆ ಕೊಡಬೇಕು. ಹಾನಿಯ ಪರಿಹಾರದ ಜೊತೆಗೆ ಬಳಕೆಯ ಹಕ್ಕಿಗೆಂದು ಆ ಕಾಯ್ದೆ ಹೇಳುವುದು ಮಾರುಕಟ್ಟೆ ಬೆಲೆಯ ಶೇಕಡಾ 10 ಮಾತ್ರ. ಮರ ನೆಡುವಂತಿಲ್ಲ ಎಂಬ ಒಂದು ಷರತ್ತು ಕಾಫಿ ತೋಟದ ನಡುವೆ ಬಂದರೆ ಏನಾಗುತ್ತದೆ ಎಂದು ನೆರಳು ಮರ, ಕರಿಮೆಣಸಿನ ಬಳ್ಳಿ ಬೆಳೆಸಿದವರು ಊಹಿಸಬಲ್ಲರು.

ಬೆಳೆ ಪರಿಹಾರದಲ್ಲಿಯೂ ಇದೇ ಎಚ್ಚರ ಬೇಕು. ಭತ್ತಕ್ಕೆ ಒಂದು ಹಂಗಾಮಿನ ಬೆಲೆ ಕೊಟ್ಟರೆ ಸಾಕಾಗಬಹುದು. ಚಹಾ ಗಿಡವಾಗಲಿ ಕಾಫಿಯಾಗಲಿ ಹಾಗಲ್ಲ. ಕಿತ್ತ ಗಿಡದ ಬದಲು ನೆಟ್ಟದ್ದು ಫಸಲು ಕೊಡಲು ವರ್ಷಗಳು ಬೇಕು, ನಷ್ಟವನ್ನು ಆ ಎಲ್ಲ ವರ್ಷಗಳಿಗೂ ಲೆಕ್ಕ ಹಾಕಬೇಕು. ರೋಬಸ್ಟಾ ಹೂ ಬಿಡುವ ಕಾಲದಲ್ಲಿ ಲಾರಿಗಳ ಧೂಳು ಗಿಡದ ಮೇಲೆ ಕೂತರೆ ಆಗುವ ನಷ್ಟ ಯಾವ ಅಧಿಕಾರಿಯ ಪಟ್ಟಿಯಲ್ಲೂ ಇರುವುದಿಲ್ಲ, ಅದನ್ನು ನಾವೇ ಬರೆಸಬೇಕು.

ಸಹಿ ಯಾರು ಹಾಕಬೇಕು ಎಂಬುದೂ ಸಣ್ಣ ವಿಷಯವಲ್ಲ. ಅಸ್ಸಾಮಿನ ಅನೇಕ ಸಣ್ಣ ಬೆಳೆಗಾರರ ಬಳಿ ಪಟ್ಟಾ ಇರುವುದಿಲ್ಲ, ಇದ್ದರೂ ತಂದೆಯ ಹೆಸರಿನಲ್ಲಿರುತ್ತದೆ. ನಮ್ಮಲ್ಲಿ ಜಮ್ಮಾ ಬಾಣೆಯ ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ (ಮನೆತನದ ಹಿರಿಯರ) ಹೆಸರು ಇನ್ನೂ ಇರುತ್ತದೆ, ಒಕ್ಕದ (ಮನೆತನದ) ಹತ್ತು ಜನ ಬೇರೆ ಬೇರೆ ಊರಿನಲ್ಲಿರುತ್ತಾರೆ. ಊರಿನಲ್ಲಿ ಉಳಿದ ಒಬ್ಬರಿಂದ ಸಹಿ ಹಾಕಿಸಿಕೊಂಡು ಹೋಗುವುದು ಬರುವವರಿಗೆ ಸುಲಭ, ಆಮೇಲೆ ಐನ್‌ಮನೆಯೊಳಗೆ (ಮನೆತನದ ಮೂಲ ಮನೆಯೊಳಗೆ) ಹುಟ್ಟುವ ಮನಸ್ತಾಪವನ್ನು ಯಾವ ಪರಿಹಾರವೂ ತುಂಬಿಕೊಡುವುದಿಲ್ಲ. ಕುಟುಂಬದ ಎಲ್ಲರಿಗೂ ಪ್ರತಿ ಕಳಿಸಿ, ಎಲ್ಲರ ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಮುಂದುವರಿಯಬೇಕು.

ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ನಡೆಸುವ ಸಾರ್ವಜನಿಕ ಅಹವಾಲು ಸಭೆಯಲ್ಲಿ ಎಲ್ಲವನ್ನೂ ಹೇಳಿದರಾಯಿತು ಎಂದು ಕಾಯುವುದೂ ಅಪಾಯ. 2020ರ ಜನವರಿಯಲ್ಲಿ ಪರಿಸರ ಪರಿಣಾಮದ ಅಧಿಸೂಚನೆಗೆ ತಿದ್ದುಪಡಿ ತಂದು, ನೆಲದ ಮೇಲೆ ತೈಲ ಹುಡುಕಲು ಕೊರೆಯುವ ಬಾವಿಗಳನ್ನು ಅಹವಾಲು ಸಭೆ ಬೇಕಿಲ್ಲದ ವರ್ಗಕ್ಕೆ ಸೇರಿಸಲಾಯಿತು. ಇದು ನನ್ನ ಮಟ್ಟಿಗೆ ತೀರಾ ತಪ್ಪು ನಿರ್ಧಾರ. ಸುತ್ತಲಿನವರಿಗೆ ಅಧಿಕೃತವಾಗಿ ಮಾತನಾಡಲು ಇದ್ದ ಒಂದೇ ವೇದಿಕೆಯನ್ನು ಮೊದಲ ಹಂತದಲ್ಲಿಯೇ ತೆಗೆದುಹಾಕಿದಂತಾಯಿತು. ಅದೇ ವರ್ಷ ತಮಿಳುನಾಡು ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾಯ್ದೆ ಮಾಡಿ ಹೊಸ ತೈಲ ಯೋಜನೆಗಳನ್ನು ತಡೆಯಿತು. ಅದರ ಹಿಂದೆ ನೆಡುವಾಸಲ್, ಕದಿರಾಮಂಗಲಂ ಊರುಗಳ ರೈತರು ಒಟ್ಟಾಗಿ ನಡೆಸಿದ ಹೋರಾಟವಿತ್ತು. ಆ ರೈತರ ನೀರು ನಮ್ಮ ಬೆಟ್ಟದಿಂದ ಹೋಗುವ ನೀರೇ ಎಂಬ ಕಾರಣಕ್ಕಾದರೂ ನಾವು ಅದನ್ನು ಗಮನಿಸಬೇಕಿತ್ತು.

ನಾನು ತೈಲ ತೆಗೆಯುವುದೇ ಬೇಡ ಎನ್ನುವವನಲ್ಲ. ಡಿಗ್‌ಬೋಯಿಯಲ್ಲಿ 1889ರಿಂದ ಬಾವಿ ಕೊರೆಯುತ್ತಿದ್ದಾರೆ, 1901ರಿಂದ ಸಂಸ್ಕರಣಾಗಾರ ನಡೆಯುತ್ತಿದೆ, ಆ ಊರುಗಳಲ್ಲಿ ತಲೆಮಾರುಗಳು ಅದರಿಂದಲೇ ಬದುಕಿವೆ. ಜವಾಬ್ದಾರಿಯಿಂದ ಕೆಲಸ ಮಾಡಿದ ಎಂಜಿನಿಯರುಗಳನ್ನೂ ನಾನು ಹತ್ತಿರದಿಂದ ಬಲ್ಲೆ. ಅಂಥವರು ಪ್ರಶ್ನೆ ಕೇಳಿದರೆ ಬೇಸರಪಡುವುದಿಲ್ಲ, ನಕ್ಷೆ ಬಿಡಿಸಿ ತೋರಿಸುತ್ತಾರೆ. ನಾಳೆಯೇ ಸಹಿ ಆಗಬೇಕು, ಪಕ್ಕದವರೆಲ್ಲ ಕೊಟ್ಟಾಯಿತು, ಮಗನಿಗೆ ಕೆಲಸ ಕೊಡಿಸೋಣ ಎಂದು ಅವಸರಪಡಿಸುವವರು ಸಾಮಾನ್ಯವಾಗಿ ನಡುವಿನವರು, ಅವರ ಮಾತಿಗೆ ಕಂಪನಿ ಹೊಣೆಯಲ್ಲ. ಕೆಲಸದ ಭರವಸೆ ನಿಜವಾಗಿದ್ದರೆ ಅದೂ ಕರಾರಿನಲ್ಲಿ ಬರಲಿ. ಪಕ್ಕದವರು ಕೊಟ್ಟಿದ್ದಾರೋ ಇಲ್ಲವೋ ಎಂಬುದನ್ನು ಪಕ್ಕದವರನ್ನೇ ಕೇಳಿ.

ಕೆಲಸ ಮುಗಿದ ಮೇಲಿನ ಮಾತನ್ನು ಮೊದಲೇ ಆಡಿಕೊಳ್ಳುವವರು ಕಡಿಮೆ. ತೈಲ ಸಿಗದ ಬಾವಿಯನ್ನು ಸಿಮೆಂಟ್ ತುಂಬಿ ಮುಚ್ಚಬೇಕು, ಕೆಸರು ಗುಂಡಿಯಲ್ಲಿರುವುದನ್ನು ಬೇರೆಡೆಗೆ ಸಾಗಿಸಬೇಕು, ಜಲ್ಲಿ ತೆಗೆದು ಮೊದಲೇ ಬದಿಗಿಟ್ಟ ಮೇಲ್ಮಣ್ಣನ್ನು ಮರಳಿ ಹಾಸಬೇಕು, ರಸ್ತೆಗಾಗಿ ಮುಚ್ಚಿದ ನೀರಿನ ದಾರಿಗಳನ್ನು ಬಿಡಿಸಬೇಕು. 2018ರ ಆಗಸ್ಟಿನ ಭೂಕುಸಿತ ಕಂಡ ನಮಗೆ, ಇಳಿಜಾರಿನಲ್ಲಿ ನೀರಿನ ಹಾದಿ ತಪ್ಪಿದರೆ ಏನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇದಕ್ಕೆಲ್ಲ ಒಂದು ಗಡುವು, ಗಡುವು ಮೀರಿದರೆ ದಿನಕ್ಕಿಷ್ಟೆಂದು ಬಾಡಿಗೆ, ಮುಚ್ಚಿದ ಬಾವಿಯ ಜಾಗ ಗುರುತಿಸಿದ ಸ್ಕೆಚ್ಚಿನ ಒಂದು ಪ್ರತಿ, ಇವು ಕರಾರಿನಲ್ಲಿರಬೇಕು.

ನನ್ನ ಸಹೋದ್ಯೋಗಿ ಆ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ರಸ್ತೆಯ ನಕ್ಷೆ, ಗುಂಡಿ ಎಲ್ಲಿ ಬರುತ್ತದೆ ಎಂಬ ವಿವರ ಮತ್ತು ಹೊಣೆ ಹೊರುವ ಅಧಿಕಾರಿಯ ಹೆಸರು ಬರಹದಲ್ಲಿ ಬೇಕೆಂದು ಕಂಪನಿಯ ಕಚೇರಿಗೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಅದೇ ಚರಂಡಿಯ ಕೆಳಗಿನ ಬೆಳೆಗಾರರನ್ನು ಸೇರಿಸಿಕೊಂಡು ಎಲ್ಲರ ಬಾವಿಗಳ ನೀರನ್ನೂ ಒಂದೇ ದಿನ ಪರೀಕ್ಷೆಗೆ ತೆಗೆಸಲು ದಿಬ್ರುಗಢದ ಪ್ರಯೋಗಾಲಯವೊಂದರ ಜೊತೆ ಮಾತಾಡಿದ್ದಾರೆ.