ಜಗಳಗಂಟರ ಕಂಪ್ಯೂಟರು

ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರಿನ ಹುಚ್ಚು ಹಿಡಿದವರಿಗೆ ಮಾತಿಗೆ ವಿಷಯವಿಲ್ಲ ಎಂಬ ಪರಿಸ್ಥಿತಿ ಬರುವುದೇ ಇಲ್ಲ. ಇಬ್ಬರು ಎದುರಾದರೆ ಸಾಕು, ದರ್ಶಿನಿಯಲ್ಲಿ ಕಾಫಿ ಕೈಗೆ ಬರುವ ಮೊದಲೇ ಜಗಳ ಶುರು. ರಾಜಕೀಯ ಬೇಕಿಲ್ಲ, ಕ್ರಿಕೆಟ್ ಬೇಕಿಲ್ಲ. ‘ನೀವು ಯಾವ ಎಡಿಟರ್ ಬಳಸ್ತೀರಿ?’ ಅಂತ ಕೇಳಿದರೆ ಮುಗಿಯಿತು.

ಕೋಡ್ ಬರೆದು ತಿದ್ದುವ ಎಡಿಟರುಗಳಲ್ಲಿ ವಿಐ ಮೇಲೋ ಇಮ್ಯಾಕ್ಸ್ ಮೇಲೋ ಎಂಬುದು ನಮ್ಮ ಪಂಗಡದ ಹಳೇ ವ್ಯಾಜ್ಯ. ಎರಡೂ ಹುಟ್ಟಿದ್ದು 1976ರ ಸುಮಾರಿಗೆ. ಅರ್ಧ ಶತಮಾನವಾದರೂ ತೀರ್ಪು ಬಂದಿಲ್ಲ, ಬರುವುದು ಯಾರಿಗೂ ಬೇಕಾಗಿಯೂ ಇಲ್ಲ. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ ಬೀಗರು ವಾದ ಮಾಡುತ್ತಾರಲ್ಲ, ಹಾಗೆ. ಯಾರೂ ಯಾರನ್ನೂ ಒಪ್ಪಿಸುವುದಿಲ್ಲ. ಊಟ ಮಾತ್ರ ಚೆನ್ನಾಗಿ ನಡೆಯುತ್ತದೆ.

ನಾನು ವಿಐ ಪಕ್ಷ. ಕಾರಣ ಕೇಳಿದರೆ ದೊಡ್ಡ ತತ್ವವೇನೂ ಇಲ್ಲ, ಬೆರಳಿಗೆ ರೂಢಿಯಾಗಿದೆ ಅಷ್ಟೆ. ಇದರಲ್ಲಿ ಕರ್ಸರ್ ಎಡಕ್ಕೆ ಹೋಗಲು ಎಚ್, ಕೆಳಗೆ ಜೆ, ಮೇಲೆ ಕೆ, ಬಲಕ್ಕೆ ಎಲ್ ಒತ್ತಬೇಕು. ಹೊಸಬರು ಇದನ್ನು ನೋಡಿ ‘ಇದೆಂಥ ಶಿಕ್ಷೆ?’ ಅನ್ನುತ್ತಾರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಇದನ್ನು ಬರೆದಾಗ ಅವರ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್, ಅಂದರೆ ಪರದೆ ಮತ್ತು ಕೀಲಿಮಣೆ. ಅದರಲ್ಲಿ ಬಾಣಕ್ಕೆ ಬೇರೆ ಕೀಲಿಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಬಾಣದ ಗುರುತು ಅಚ್ಚಾಗಿತ್ತು. ಆ ಟರ್ಮಿನಲ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಬಾಣದ ಕೀಲಿಗಳು ನಾಲ್ಕೂ ಗಟ್ಟಿಯಾಗಿ ಕೂತಿವೆ. ಆದರೂ ಬೆರಳು ಮಾತ್ರ ಜೆ, ಕೆ ಅಂತಲೇ ಓಡುತ್ತದೆ. ಇನ್ನು ವಿಐನ ಹೊಸ ಅವತಾರವಾದ ವಿಮ್‌ನಿಂದ ಹೊರಗೆ ಬರುವುದು ಹೇಗೆ ಎಂಬ ಪ್ರಶ್ನೆಯನ್ನು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ 2017ರ ಹೊತ್ತಿಗೇ ಹತ್ತು ಲಕ್ಷ ಸಲ ತೆರೆದು ನೋಡಿದ್ದರು. ಇದು ನಮಗೆ ನಾಚಿಕೆಯ ಸಂಗತಿಯೋ ಹೆಮ್ಮೆಯದೋ ಅಂತ ಇನ್ನೊಂದು ಜಗಳ ಇದೆ.

ಕೋಡಿನ ಸಾಲುಗಳ ಮುಂದೆ ಜಾಗ ಬಿಡಲು ಟ್ಯಾಬ್ ಹಾಕಬೇಕೋ ಸ್ಪೇಸ್ ಹಾಕಬೇಕೋ ಎಂಬ ಜಗಳವೂ ಇಂಥದ್ದೇ. ಕಣ್ಣಿಗೆ ಕಾಣದ ವಸ್ತುವಿನ ಬಗ್ಗೆ ಇಷ್ಟು ಆವೇಶ ನಾನು ಬೇರೆಲ್ಲೂ ಕಂಡಿಲ್ಲ. ಪ್ರೋಗ್ರಾಂ ಜೋಡಿಸುವ ಮೇಕ್ ಎಂಬ ಸಲಕರಣೆಗೆ ಸೂಚನೆ ಬರೆಯುವ ಮೇಕ್‌ಫೈಲ್ ಎಂಬ ಕಡತದಲ್ಲಿ ಕೆಲವು ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಎಂಟು ಸ್ಪೇಸ್ ಹಾಕಿದರೆ ಅದು ಮುಖ ತಿರುಗಿಸುತ್ತದೆ. ಮೇಕ್ ಬರೆದವರು ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್. ಬರೆದು ಕೆಲವೇ ವಾರಗಳಲ್ಲಿ ಇದು ಸರಿಯಿಲ್ಲ ಅಂತ ಅವರಿಗೂ ಅನ್ನಿಸಿತ್ತು. ಆದರೆ ಅಷ್ಟರಲ್ಲಿ ಡಜನ್ ಜನ ಬಳಸಲು ಶುರು ಮಾಡಿದ್ದರು, ಹೆಚ್ಚಿನವರು ಗೆಳೆಯರು. ಅವರಿಗೆ ತೊಂದರೆ ಯಾಕೆ ಅಂತ ಹಾಗೇ ಬಿಟ್ಟರು. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಬಿಟ್ಟದ್ದನ್ನು ಜಗತ್ತಿನ ಪ್ರೋಗ್ರಾಮರುಗಳೆಲ್ಲ ಇವತ್ತಿಗೂ ಅನುಭವಿಸುತ್ತಿದ್ದಾರೆ. ದಾಕ್ಷಿಣ್ಯ ನಮ್ಮ ಕಡೆಯ ಕಾಯಿಲೆ ಅಂದುಕೊಂಡಿದ್ದೆ. ನ್ಯೂಜೆರ್ಸಿಯಲ್ಲೂ ಇತ್ತು ನೋಡಿ.

ಡಾರ್ಕ್ ಮೋಡ್ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ಕತ್ತಲೆ ಬೇಕಾದವರು ದೀಪ ಆರಿಸಿಕೊಳ್ಳಲಿ.

ನಮ್ಮ ಪಂಥದ ಮೂಲದಲ್ಲೇ ಒಂದು ಜಗಳ ಇದೆ ಅನ್ನುವುದನ್ನು ಮಾತ್ರ ಹೇಳಬೇಕು. ಅದು ಪ್ರಿಂಟರಿನ ಜೊತೆಗಿನ ಜಗಳ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಲ್ಯಾಬಿನಲ್ಲಿ ರಿಚರ್ಡ್ ಸ್ಟಾಲ್ಮನ್ ಕೆಲಸ ಮಾಡುತ್ತಿದ್ದ ಕಾಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ, ಪ್ರಿಂಟ್ ಕೊಟ್ಟು ಕಾಯುತ್ತಿರುವವರಿಗೆಲ್ಲ ಸುದ್ದಿ ಹೋಗುವ ಹಾಗೆ ಅವರು ಹಳೇ ಯಂತ್ರದ ಪ್ರೋಗ್ರಾಂ ತಿದ್ದಿದ್ದರು. ಆಮೇಲೆ ಜೆರಾಕ್ಸ್‌ನ ಹೊಸ ಲೇಸರ್ ಪ್ರಿಂಟರ್ ಬಂತು. ಅದೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆದರೆ ಅದರ ಸೋರ್ಸ್ ಕೋಡ್ ಕೊಟ್ಟಿರಲಿಲ್ಲ, ಇದ್ದವರನ್ನು ಕೇಳಿದರೆ ಕೊಡುವುದಿಲ್ಲ ಅಂದರು. 1983ರಲ್ಲಿ ಸ್ಟಾಲ್ಮನ್ ಅವರು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಕಟ್ಟುವ ಗ್ನು ಯೋಜನೆ ಘೋಷಿಸುವುದರ ಹಿಂದೆ ಈ ಕೋಪವೂ ಇತ್ತು. ಸಿಕ್ಕಿಹಾಕಿಕೊಂಡ ಕಾಗದ ಎಳೆಯುತ್ತಾ ಪ್ರಿಂಟರಿಗೆ ಬೈದವರು ಈ ಲೋಕದಲ್ಲಿ ಕೋಟ್ಯಂತರ. ಬೈದು ಸುಮ್ಮನಾಗದವರು ಒಬ್ಬರು.

ಇನ್ನು ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್‌ನ ನಾನಾ ರೂಪಗಳಲ್ಲಿ ಯಾವುದು ಒಳ್ಳೆಯದು, ಡೆಬಿಯನ್ನೋ ಉಬುಂಟುವೋ ಆರ್ಚೋ? ಈ ಜಗಳಕ್ಕೆ ನಾನೀಗ ಹೋಗುವುದಿಲ್ಲ. ಉಬುಂಟು ಕಂಡರೆ ಮಾತ್ರ ಸ್ವಲ್ಪ ಜಾಸ್ತಿ ಪ್ರೀತಿ. ಶಿಪ್‌ಇಟ್ ಅಂತ ಒಂದು ವ್ಯವಸ್ಥೆ ಇತ್ತು, 2011ರ ತನಕ ನಡೆಯಿತು. ವಿಳಾಸ ಬರೆದು ಕಳಿಸಿದರೆ ಸಿ.ಡಿ.ಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಸಣ್ಣ ಊರಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿಗೆ ವಿದೇಶದ ಸ್ಟಾಂಪು ಅಂಟಿಸಿದ ಲಕೋಟೆ ಬಂದರೆ ಅದರ ಗತ್ತೇ ಬೇರೆ. ಸಿ.ಡಿ. ಹಾಕದವರೂ ಸ್ಟಿಕರ್ ಕೇಳಿ ಪಡೆಯುತ್ತಿದ್ದರು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಏಳುನೂರು ಎಂಬಿ ಇಳಿಸಿಕೊಳ್ಳುವುದು ಕನಸಿನ ಮಾತಾಗಿದ್ದ ಕಾಲದಲ್ಲಿ ಎಷ್ಟೋ ಜನರ ಕೈಗೆ ಲಿನಕ್ಸ್ ಮುಟ್ಟಿಸಿದವರು ಅಂಚೆಯಣ್ಣಂದಿರು.

ಈಗ ಮನೆಮಂದಿಯ ಪ್ರಶ್ನೆಗೆ ಬರೋಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ‘ಲ್ಯಾಪ್‌ಟಾಪ್ ಚೆನ್ನಾಗಿಯೇ ಇದೆ, ಆದರೂ ಹಳೇದಂತೆ, ಏನು ಮಾಡೋದು?’ ಅಂತ ಫೋನುಗಳು ಬರುತ್ತವೆ. ನನ್ನಂಥವರು ಕಾಯುತ್ತಿದ್ದದ್ದೇ ಇದಕ್ಕೆ. ಪೆನ್‌ಡ್ರೈವ್ ಹಿಡಿದು ಹೊರಟೇಬಿಡುತ್ತೇವೆ. ಲಿನಕ್ಸ್ ಮಿಂಟ್ ಹಾಕಿ, ಫೈರ್‌ಫಾಕ್ಸ್ ತೆರೆದು, ವಿಎಲ್‌ಸಿಯಲ್ಲಿ ಒಂದು ಹಾಡು ಹಾಕಿ ತೋರಿಸಿ, ‘ನೋಡಿ, ಹೊಸದರ ಹಾಗಾಯ್ತು’ ಅಂತ ಬೀಗುತ್ತೇವೆ. ನಿಜ ಹೇಳಬೇಕೆಂದರೆ ಅದರ ಅರ್ಧ ಪುಣ್ಯ ಎಸ್‌ಎಸ್‌ಡಿಗೆ ಸೇರಬೇಕು. ಹಳೇ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಯಾವ ಸಿಸ್ಟಂ ಆದರೂ ಚಿಗುರುತ್ತದೆ. ನಮ್ಮವರು ಇದನ್ನು ಅಷ್ಟಾಗಿ ಬಾಯಿಬಿಡುವುದಿಲ್ಲ.

ಎಲ್ಲರಿಗೂ ಹಾಕಿಕೊಡುವ ಉತ್ಸಾಹ ಒಳ್ಳೆಯದಲ್ಲ. ಪಕ್ಕದ ಮನೆಯ ಆಡಿಟರ್ ಲ್ಯಾಪ್‌ಟಾಪನ್ನು ಮುಟ್ಟಲೇಬೇಡಿ. ಅವರ ಜೀವ ಇರುವುದು ಟ್ಯಾಲಿಯಲ್ಲಿ. ಅದು ನಮ್ಮ ಬೆಂಗಳೂರಿನಲ್ಲೇ ತಯಾರಾಗುವ ಸಾಫ್ಟ್‌ವೇರ್, ಆದರೆ ಓಡುವುದು ವಿಂಡೋಸ್ ಮೇಲೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇರೆ ಇರುತ್ತದೆ, ಅದನ್ನು ಲಿನಕ್ಸ್‌ನಲ್ಲಿ ಒಲಿಸಿಕೊಳ್ಳುವಷ್ಟರಲ್ಲಿ ರಿಟರ್ನ್ಸ್ ಸಲ್ಲಿಸುವ ಕೊನೆ ದಿನ ಮುಗಿದಿರುತ್ತದೆ. ಬ್ರೌಸರ್ ಬಿಟ್ಟು ಬೇರೇನೂ ತೆರೆಯದ ಮೇಷ್ಟ್ರಿಗೆ, ಓದುವ ಮಕ್ಕಳಿಗೆ, ಹಳೇ ಹಾಡು ಕೇಳುವ ಅಜ್ಜನಿಗೆ ಹಾಕಿಕೊಡಿ. ಅವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ವಾಟ್ಸಾಪ್ ಬಿಟ್ಟು ಮುಕ್ತ ಕೋಡಿನ ಆ್ಯಪ್ ಆದ ಸಿಗ್ನಲ್‌ಗೆ ಬನ್ನಿ ಅಂತ ನೆಂಟರನ್ನೆಲ್ಲ ಕರೆದದ್ದೂ ಆಯಿತು. ಬಂದರು, ‘ಹಾಯ್’ ಅಂದರು, ವಾಪಸ್ ಹೋದರು. ಸಿಗ್ನಲ್‌ನವರು ರೂಪಿಸಿದ ಗೂಢಲಿಪಿಯನ್ನೇ ವಾಟ್ಸಾಪ್ 2016ರಿಂದ ಬಳಸುತ್ತಿದೆ ಅಂತ ಸಮಾಧಾನ ಮಾಡಿಕೊಂಡಿದ್ದೇನೆ. ಗುಡ್ ಮಾರ್ನಿಂಗ್ ಹೂಗುಚ್ಛಗಳು ಭದ್ರವಾಗಿಯೇ ಬರುತ್ತಿವೆ.

ಸ್ವಲ್ಪ ಗಂಭೀರವಾದ ವಾದ ಸುರಕ್ಷತೆಯದು. ‘ಕೋಡ್ ಎಲ್ಲರಿಗೂ ಕಾಣಿಸುತ್ತದೆ, ಆದ್ದರಿಂದ ಕಳ್ಳತನ ನಡೆಯುವುದಿಲ್ಲ’ ಅಂತ ನಮ್ಮವರು. ‘ಕಾಣಿಸುತ್ತದೆ ಸರಿ, ನೋಡುವವರು ಯಾರು?’ ಅಂತ ಆ ಕಡೆಯವರು. ಇಬ್ಬರಿಗೂ ಏಟು ಬಿದ್ದದ್ದು 2024ರ ಮಾರ್ಚ್ ಕೊನೆಯಲ್ಲಿ. ಎಕ್ಸ್‌ಝಡ್ ಎಂಬ ಫೈಲು ಕುಗ್ಗಿಸುವ ಒಂದು ಪುಟ್ಟ ಸಾಫ್ಟ್‌ವೇರ್ ಇದೆ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ, ಯಾರೂ ಅದರ ಹೆಸರು ಹೇಳುವುದಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ, ಅದೂ ಸಂಬಳವಿಲ್ಲದೆ. ಸಹಾಯ ಮಾಡುತ್ತೇನೆ ಅಂತ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬ ಬಂದ. ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯವನ ಹಾಗೆ ಕೆಲಸ ಮಾಡಿ ನಂಬಿಕೆ ಗಳಿಸಿದ. ಕೊನೆಗೆ ಹೊರಗಿನಿಂದ ಕದ್ದು ನುಗ್ಗಲು ಅದರಲ್ಲೊಂದು ಹಿಂಬಾಗಿಲು ಇಟ್ಟ. ಅವನು ಯಾರು, ಒಬ್ಬನೋ ಗುಂಪೋ, ಇನ್ನೂ ಹೊರಬಂದಿಲ್ಲ.

ಸಿಕ್ಕಿಬಿದ್ದ ರೀತಿ ಇನ್ನೂ ಚೆಂದ. ಆಂಡ್ರೆಸ್ ಫ್ರಾಯಿಂಡ್ ಎಂಬ ಡೇಟಾಬೇಸ್ ಎಂಜಿನಿಯರ್ ತಮ್ಮ ಪಾಡಿಗೆ ಏನೋ ವೇಗ ಅಳೆಯುತ್ತಿದ್ದರು. ದೂರದ ಕಂಪ್ಯೂಟರಿನೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ನಾವಾಗಿದ್ದರೆ ನೆಟ್ ಸ್ಲೋ ಇದೆ ಅಂತ ಚಹಾ ಕುಡಿಯಲು ಹೋಗುತ್ತಿದ್ದೆವು. ಅವರು ಬಿಡದೆ ಕೆದಕಿದರು, ಬೇರು ಸಿಕ್ಕಿತು. ಕೋಡ್ ತೆರೆದಿದ್ದುದರಿಂದಲೇ ಹೊರಗಿನವರೊಬ್ಬರು ಅಷ್ಟು ಒಳಗೆ ಹೋಗಿ ನೋಡಲು ಸಾಧ್ಯವಾಯಿತು ಅಂತ ನಾನು ವಾದಿಸುತ್ತೇನೆ. ಅಲ್ಲಿಯತನಕ ನೀವೆಲ್ಲ ಎಲ್ಲಿದ್ದಿರಿ ಅಂತ ಎದುರಿನವರು ಕೇಳಿದರೆ ಸುಮ್ನೆ ಇರುತ್ತೇನೆ. ಅಂದ ಹಾಗೆ, ಫ್ರಾಯಿಂಡ್ ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ. ನಮ್ಮವರಲ್ಲಿ ಕೆಲವರಿಗೆ ಹಿಂಬಾಗಿಲಿಗಿಂತ ಇದೇ ಜಾಸ್ತಿ ನೋವು ಕೊಟ್ಟಿತು.

ಇಷ್ಟೆಲ್ಲ ಜಗಳದಲ್ಲಿ ನಾನು ಸೋಲಲು ತಯಾರಿಲ್ಲದ್ದು ಒಂದೇ: ಫೈಲಿನದು. ನಾನು ಬರೆದದ್ದು ಹತ್ತು ವರ್ಷ ಬಿಟ್ಟು, ಯಾರ ಅಪ್ಪಣೆಯೂ ಇಲ್ಲದೆ, ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬೇಕು. ಮಿಕ್ಕದ್ದು ನಿಮಗೆ ಬಿಟ್ಟದ್ದು. ವರ್ಡ್‌ನ ಹಾಗೆ ಬರೆಯಲು ಇರುವ ಲಿಬ್ರೆ ಆಫೀಸಿನ ಒಂದು ಓಡಿಟಿ ಫೈಲ್ ತೆಗೆದುಕೊಳ್ಳಿ. ಅದರ ಬಾಲದ ಓಡಿಟಿ ಅಳಿಸಿ ಜಿಪ್ ಅಂತ ಹೆಸರು ಬದಲಿಸಿ ಬಿಚ್ಚಿ. ಒಳಗೆ ಕಂಟೆಂಟ್ ಎಂಬ ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೂ ಬರಹ ಕಣ್ಣಿಗೆ ಕಾಣುತ್ತದೆ. ವರ್ಡ್‌ನ ಡಾಕ್ಸ್ ಫೈಲೂ ಒಳಗೆ ಜಿಪ್ಪೇ, ಅದರ ಹಿಂದಿನ ಡಾಕ್ ಫೈಲಿನ ಹಾಗೆ ಮುಚ್ಚಿಕೊಂಡಿಲ್ಲ. ಅಷ್ಟರಮಟ್ಟಿಗೆ ನಮ್ಮ ಜಗಳ ಗೆದ್ದಿದೆ.

ಆದರೆ ಕನ್ನಡದವರ ಕಷ್ಟ ಇಲ್ಲಿಗೇ ಮುಗಿಯುವುದಿಲ್ಲ. ಈಚೆಗೆ ಗೆಳೆಯರೊಬ್ಬರು ತಮ್ಮ ತಂದೆಯವರ ಲೇಖನಗಳಿದ್ದ ಪೆನ್‌ಡ್ರೈವ್ ತಂದಿದ್ದರು. ಫೈಲೆಲ್ಲ ಸಲೀಸಾಗಿ ತೆರೆದುಕೊಂಡವು. ಆದರೆ ಒಳಗೆ ‘ಕನ್ನಡ’ ಅಂತ ಇರಬೇಕಾದ ಜಾಗದಲ್ಲಿ ಇದ್ದದ್ದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಎ, ಜರ್ಮನ್ನರ ಬಿಯಂಥ ಒಂದು ಎಸ್, ಆಮೇಲೆ ಕ್ಯೂ, ಮತ್ತೊಂದು ಎ. ಇದು ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಹಳೇ ಆಸ್ಕಿ ಪಠ್ಯ, ಅಂದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ಆಕಾರ ತೊಡಿಸಿದ್ದು. ಆ ಫಾಂಟ್ ಹಾಕಿದರೆ ಪೌಂಡು ನಕಾರದ ವೇಷ ಹಾಕಿಕೊಳ್ಳುತ್ತದೆ, ಜರ್ಮನ್ ಎಸ್ ನಕಾರದ ಒತ್ತಾಗುತ್ತದೆ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಕಂಪ್ಯೂಟರಿಗೆ ಅದು ಯಾವತ್ತೂ ಕನ್ನಡ ಆಗಿರಲೇ ಇಲ್ಲ. ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು, ಗಟ್ಟಿಯಾಗಿ ಓದಿಸಿದರೆ ಯಂತ್ರ ತೊದಲುತ್ತದೆ.

ನುಡಿ, ಬರಹ ಎಂಬ ಸಾಫ್ಟ್‌ವೇರ್ ಮಾಡಿದವರನ್ನು ನಾನು ಬೈಯುವುದಿಲ್ಲ. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನ ಫಾಂಟಿನಲ್ಲಿ ಅಕ್ಷರಗಳಿಗೆ ಇದ್ದದ್ದೇ 256 ಮನೆ, ಅದರಲ್ಲಿ ನಮ್ಮ ಕಾಗುಣಿತ, ಒತ್ತು ಎಲ್ಲವನ್ನೂ ಕೂರಿಸಬೇಕಿತ್ತು. ಕೂರಿಸಿದ್ದರಿಂದಲೇ ಎಷ್ಟೋ ಪುಸ್ತಕ, ಪತ್ರಿಕೆ ಅಚ್ಚಾದವು. ಈಗ ಅವುಗಳಲ್ಲೂ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂದಿತ್ತು. ಆದರೆ ಅಚ್ಚಿನ ಅಂಗಡಿಗಳಲ್ಲಿ ಪುಟ ಜೋಡಿಸುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿರಲಿಲ್ಲ. ಅಂಗಡಿ ಬದಲಾಗಲಿಲ್ಲ, ಫೈಲೂ ಬದಲಾಗಲಿಲ್ಲ. ಇವತ್ತಿಗೂ ಕೆಲವು ಸುತ್ತೋಲೆಗಳ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ಅಂಟಿಸಿದರೆ ಪೌಂಡುಗಳು ಉದುರುತ್ತವೆ.

ಅದೇ ಇನ್ನೊಂದು ಕಡೆ ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಅಲರ್ ಎಂಬ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಬಂತು. ಒಂದೂವರೆ ಲಕ್ಷದಷ್ಟು ಪದ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಆ್ಯಪಿಗೆ, ಕಾಗುಣಿತ ತಿದ್ದುಗನಿಗೆ ಸೇರಿಸಿಕೊಳ್ಳಬಹುದು. ಆ ಪದಗಳು ಪೌಂಡು, ಕ್ಯೂ ವೇಷದಲ್ಲಿ ಇದ್ದಿದ್ದರೆ ಪರವಾನಗಿ ಎಷ್ಟು ಉದಾರವಾಗಿದ್ದರೂ ಏನು ಪ್ರಯೋಜನ, ಅಲ್ವಾ?

ಆ ಪೆನ್‌ಡ್ರೈವಿನ ಲೇಖನಗಳನ್ನು ಈಗ ಬದಲಾಯಿಸುತ್ತಿದ್ದೇವೆ. ಆಸ್ಕಿಯಿಂದ ಯೂನಿಕೋಡಿಗೆ ತರುವ ಸಲಕರಣೆಗಳನ್ನು ಆಸಕ್ತರು ಬರೆದು ಪುಕ್ಕಟೆ ಹಂಚಿದ್ದಾರೆ. ಮುಕ್ಕಾಲು ಕೆಲಸ ಕಣ್ಣುಮುಚ್ಚಿ ತೆಗೆಯುವುದರೊಳಗೆ ಆಗುತ್ತದೆ. ಉಳಿದ ಕಾಲು ಭಾಗ ಸಾಯಿಸುತ್ತದೆ. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಆಮೇಲೆ ಇರುತ್ತದೆ. ಯೂನಿಕೋಡಿಗೆ ಉಚ್ಚಾರದ ಕ್ರಮ ಬೇಕು, ರಕಾರ ಮೊದಲು ಬರಬೇಕು. ಎಲ್ಲೋ ಒಂದು ಕಡೆ ಕ್ರಮ ತಪ್ಪಿದರೆ ಸೂರ್ಯನೂ ಕಾರ್ಯವೂ ಕೆಡುತ್ತವೆ. ಲೇಖಕರು ನಡುವೆ ನಿಜವಾದ ಇಂಗ್ಲಿಷ್ ಪದ ಹಾಕಿದ್ದರಂತೂ ಸಲಕರಣೆ ಅದನ್ನೂ ಕನ್ನಡ ಅಂತಲೇ ತಿಳಿಯುತ್ತದೆ: ಇಂಗ್ಲಿಷಿನ ಡಿ ಇದ್ದಲ್ಲಿ ಆ, ಎಫ್ ಇದ್ದಲ್ಲಿ ಈ. ಗೆಳೆಯರ ತಂದೆಗೆ ಮಾತುಮಾತಿಗೂ ಇಂಗ್ಲಿಷ್ ಕವಿಗಳ ಸಾಲು ಉದ್ಧರಿಸುವ ಚಟ. ಹಾಗಾಗಿ ಭಾನುವಾರಗಳಲ್ಲಿ ಅವರ ಮಗ ಅಚ್ಚಾದ ಪ್ರತಿ ಹಿಡಿದು ಓದುತ್ತಾರೆ, ನಾನು ಒಂದೊಂದೇ ಆ, ಈ ಹುಡುಕಿ ತಿದ್ದುತ್ತೇನೆ. ವರ್ಡ್ಸ್‌ವರ್ತ್ ಮುಗಿಯಿತು. ಷೇಕ್ಸ್‌ಪಿಯರ್ ಇನ್ನೂ ಇದ್ದಾನೆ.