ನೆಲ ನಿಜಕ್ಕೂ ಡೊಂಕಾಗಿದ್ದರೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಕಟ್ಟಿದ ಪುಣ್ಯಾತ್ಮರು ಯಾರೇ ಆಗಿರಲಿ, ಹಳೆಯ ಲಾರಿಯೊಂದನ್ನು ಅದಕ್ಕಿಂತಲೂ ಹಳೆಯ ಸಲಕರಣೆಗಳಿಂದ ರಿಪೇರಿ ಮಾಡಲು ಕೂತವರಂತೂ ಅಲ್ಲ. ಕೂತಿದ್ದರೆ, ನೆಲ ನಿಜಕ್ಕೂ ಡೊಂಕಾಗಿರುವ ಸಾಧ್ಯತೆಯನ್ನು ಒಂದು ಮಾತಿಗಾದರೂ ಒಪ್ಪಿಕೊಳ್ಳುತ್ತಿದ್ದರು. ಹೊಸ ಸಲಕರಣೆ ಇರುವವನಿಗೆ ಲಾರಿಯ ಮೇಲೆ ಮಾತ್ರ ಅನುಮಾನ. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯವನು ಎರಡು ಕಡೆ ಅನುಮಾನಪಡಬೇಕು. ಅದರಲ್ಲೂ ಮೊದಲು ಕೈಯಲ್ಲಿರುವುದನ್ನು, ಆಮೇಲೆ ಕಣ್ಣೆದುರು ನಿಂತಿರುವುದನ್ನು. ಈ ಕ್ರಮವನ್ನು ತಿರುವು ಮುರುವು ಮಾಡಿದವರು ಚೆನ್ನಾಗಿದ್ದ ಪಂಪನ್ನು ಬಿಚ್ಚಿ ಹರಡಿಕೊಂಡು ಕೂರುತ್ತಾರೆ.

ಸೆಕೆಂಡ್ ಹ್ಯಾಂಡ್ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಕೊಂಡವರಿಗೆ ಸಿಗುವುದು ಒಂದು ಸೆಟ್ಟಲ್ಲ, ಹಲವು ಸೆಟ್ಟುಗಳ ಉಳಿಕೆ. ಯಾರೋ ಒಬ್ಬರು ಒಂದರ ಬಾಲವನ್ನು ಕತ್ತರಿಸಿ ಇಕ್ಕಟ್ಟಿನ ಜಾಗಕ್ಕೆ ಹೊಂದಿಸಿಕೊಂಡಿರುತ್ತಾರೆ. ಮತ್ತೊಬ್ಬರು ಇನ್ನೊಂದಕ್ಕೆ ಕೊಳವೆಯನ್ನು ವೆಲ್ಡ್ ಮಾಡಿ ಉದ್ದ ಮಾಡಿಕೊಂಡಿರುತ್ತಾರೆ. ಅವೆರಡೂ ಬಹಳ ಉಪಯುಕ್ತವಾದ ವಸ್ತುಗಳೇ. ನಿಜವಾದ ಅಪಾಯವಿರುವುದು ನೋಡಲು ನೆಟ್ಟಗಿದ್ದು ಬಾಯಿ ಮಾತ್ರ ಕೂದಲೆಳೆಯಷ್ಟು ಅಗಲಿಸಿಕೊಂಡಿರುವ ಓಪನ್ ಸ್ಪ್ಯಾನರಿನಲ್ಲಿ. ಹೊಸ ನಟ್ಟೊಂದಕ್ಕೆ ಅದನ್ನು ತೊಡಿಸಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿದರೆ ಅದರ ಗುಣ ತಿಳಿಯುತ್ತದೆ. ಹೆಚ್ಚು ಆಡಿದರೆ ಅದನ್ನು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಕೆಲಸಕ್ಕೆ ವರ್ಗಾಯಿಸುವುದು ಒಳ್ಳೆಯದು, ಏಕೆಂದರೆ ತುಕ್ಕು ಹಿಡಿದ ಬೋಲ್ಟಿನ ತಲೆಯ ಆರು ಮೂಲೆಗಳನ್ನು ಉರುಟು ಮಾಡಲು ಇಂಥದೊಂದೇ ಸ್ಪ್ಯಾನರು ಸಾಕು, ಉರುಟಾದ ಬೋಲ್ಟನ್ನು ತೆಗೆಯಲು ಇಡೀ ಪೆಟ್ಟಿಗೆಯೂ ಸಾಲದು.

ಇದರ ಜೊತೆಗೆ ಅಳತೆಗಳ ಜಗಳವಿದೆ. ಮುಕ್ಕಾಲು ಇಂಚೆಂದರೆ 19.05 ಮಿಲಿಮೀಟರ್; ಆದ್ದರಿಂದ ಅದೂ ಹತ್ತೊಂಬತ್ತರ ಸ್ಪ್ಯಾನರೂ ಒಂದರ ಕೆಲಸವನ್ನು ಇನ್ನೊಂದು ಮಾಡಿಕೊಂಡು ಅನ್ಯೋನ್ಯವಾಗಿರುತ್ತವೆ. ಅರ್ಧ ಇಂಚು 12.7 ಮಿಲಿಮೀಟರ್ ಆಗಿರುವುದರಿಂದ ಹದಿಮೂರರ ಸ್ಪ್ಯಾನರು ಅದಕ್ಕೆ ಕೂತಂತೆ ಕಾಣುತ್ತದೆ, ಬಲ ಹಾಕಿದಾಗ ಜಾರುತ್ತದೆ. ಇನ್ನು ಹಳೆಯ ಬ್ರಿಟಿಷ್ ಮಾದರಿಯ ಲಾರಿಗಳಲ್ಲಿ ವಿಟ್‌ವರ್ತ್ ಬೋಲ್ಟುಗಳಿರುತ್ತವೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಈ ಥ್ರೆಡ್ಡಿನ, ಅಂದರೆ ಬೋಲ್ಟಿನ ಮೈಮೇಲಿನ ತಿರುಪಿನ ಗೀರಿನ, ಕೋನ 55 ಡಿಗ್ರಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಬ್ರಿಟನ್, ಕೆನಡಾಗಳು ಕೂಡಿ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ಡಿನದು 60 ಡಿಗ್ರಿ. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಕೊರೆದಿರುವ ಸಂಖ್ಯೆ ಬಾಯಿಯ ಅಗಲವನ್ನು ಹೇಳುವುದೇ ಇಲ್ಲ, ಬೋಲ್ಟಿನ ದಪ್ಪವನ್ನು ಹೇಳುತ್ತದೆ. ಎರಡೂ ಜಾತಿಯ ಬೋಲ್ಟುಗಳಿಗೆ ಹಲವು ಅಳತೆಗಳಲ್ಲಿ ಇಂಚಿಗೆ ಅಷ್ಟೇ ಸುತ್ತುಗಳಿರುವುದರಿಂದ ಒಂದರ ನಟ್ಟು ಇನ್ನೊಂದಕ್ಕೆ ಒಪ್ಪಿದಂತೆ ನಟಿಸುತ್ತದೆ. ಅರ್ಧ ಇಂಚಿನಲ್ಲಿ ಮಾತ್ರ ವಿಟ್‌ವರ್ತಿಗೆ 12 ಸುತ್ತು, ಯೂನಿಫೈಡ್ ಕೋರ್ಸ್ (ದೊರಗು) ಥ್ರೆಡ್ಡಿಗೆ 13 ಸುತ್ತು. ಅಲ್ಲಿ ನಟ್ಟು ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ನಿಂತದ್ದನ್ನು ತುಕ್ಕಿನ ಹಠವೆಂದು ತಿಳಿದು ಉದ್ದನೆಯ ಕೊಳವೆ ಹಾಕಿ ತಿರುಗಿಸುವವರ ಬಗ್ಗೆ ನನಗೆ ಕನಿಕರವಿದೆ. ನಟ್ಟು ಕೂತ ಆ ಸ್ಟಡ್ಡಿನ, ಅಂದರೆ ತಲೆಯಿಲ್ಲದ ಬೋಲ್ಟಿನ, ಬಗ್ಗೆ ಇನ್ನೂ ಹೆಚ್ಚಿನ ಕನಿಕರವಿದೆ.

ನಟ್ಟನ್ನು ಇಂತಿಷ್ಟೇ ತಿರುಚು ಬಲಕ್ಕೆ (ಟಾರ್ಕಿಗೆ) ಬಿಗಿಯುವ ಟಾರ್ಕ್ ರೆಂಚಿನ ವಿಷಯದಲ್ಲಿ ಕಣ್ಣಳತೆ ನಡೆಯುವುದಿಲ್ಲ. ಹೊಂದಿಸಿದ ಬಲ ಮುಟ್ಟಿದಾಗ ಟಿಕ್ಕೆನ್ನುವ ಜಾತಿಯ ಒಳ್ಳೆಯ ರೆಂಚು ಹೊಸದಾಗಿದ್ದಾಗ ಶೇಕಡಾ 4ರಷ್ಟು ಆಚೀಚೆ ಇರಬಹುದೆಂಬುದು ಒಪ್ಪಿತ ಲೆಕ್ಕ. ಆದರೆ ಹಿಂದಿನ ಒಡೆಯರು ಅದನ್ನು ಸಡಿಲಿಸದೆ, ಒಳಗಿನ ಸ್ಪ್ರಿಂಗು ಬಿಗಿದ ಸ್ಥಿತಿಯಲ್ಲಿಯೇ ವರ್ಷಗಟ್ಟಲೆ ಮೂಲೆಗೆ ಹಾಕಿದ್ದರೆ ಅದು ಹೇಳುವ ಮಾತಿಗೆ ಬೆಲೆಯಿಲ್ಲ. ಇದನ್ನು ಪರೀಕ್ಷಿಸುವ ಉಪಾಯ ಸರಳವಾಗಿದ್ದು, ನೋಡುವುದಕ್ಕೂ ಸೊಗಸಾಗಿದೆ. ರೆಂಚಿನ ತುದಿಯ ಚೌಕವನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಚೌಕದ ನಡುವಿನಿಂದ ಸರಿಯಾಗಿ ಅರ್ಧ ಮೀಟರ್ ದೂರದಲ್ಲಿ 20 ಕಿಲೋ ತೂಕವನ್ನು ತೂಗುಹಾಕಿದರೆ ಅಲ್ಲಿ ಬೀಳುವ ಟಾರ್ಕು ಸುಮಾರು 98 ನ್ಯೂಟನ್ ಮೀಟರ್. ಹಿಡಿಯ ಸ್ವಂತ ತೂಕಕ್ಕೆ ಚೂರು ಸೇರಿಸಿಕೊಳ್ಳಬೇಕು. ರೆಂಚಿನಲ್ಲಿ ಹೊಂದಿಸಿದ ಅಂಕಿಯನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ಪ್ರತಿ ಸಲವೂ ತೂಕವನ್ನು ಮೆಲ್ಲಗೆ ಬಿಡುತ್ತ ಹೋದಂತೆ ಒಂದು ಹಂತದಲ್ಲಿ ಟಿಕ್ಕೆಂಬ ಶಬ್ದ ಬರುತ್ತದೆ. ಆಗ ರೆಂಚಿನ ಮೇಲಿನ ಅಂಕಿ 80 ಎಂದಿದ್ದರೂ ರೆಂಚನ್ನು ಎಸೆಯಬೇಕಾಗಿಲ್ಲ. ಇನ್ನೂ ಎರಡು ತೂಕಗಳಲ್ಲಿ ನೋಡಿ, ತಪ್ಪು ಒಂದೇ ಪ್ರಮಾಣದಲ್ಲಿದ್ದರೆ ಆ ಲೆಕ್ಕವನ್ನು ಚೀಟಿಯಲ್ಲಿ ಬರೆದು ಹಿಡಿಗೆ ಅಂಟಿಸಿಕೊಳ್ಳಬಹುದು. ಒಂದೇ ಸುಳ್ಳನ್ನು ಸದಾ ಹೇಳುವ ಸಲಕರಣೆಯೊಡನೆ ಬಾಳುವೆ ಮಾಡಬಹುದು. ದಿನಕ್ಕೊಂದು ಹೇಳುವುದರೊಡನೆ ಸಾಧ್ಯವಿಲ್ಲ.

ಜಾಕಿಗೆ ಮಾತ್ರ ಈ ಔದಾರ್ಯ ಸಲ್ಲದು. ಹಳೆಯ ಹೈಡ್ರಾಲಿಕ್ ಜಾಕಿಯ ಸೀಲು ಯಾವಾಗ ಕೈಕೊಡುತ್ತದೆಂದು ಯಾರೂ ಹೇಳಲಾರರು. ಜಾಕಿ ಇರುವುದು ಎತ್ತುವುದಕ್ಕೆ. ಎತ್ತಿದ್ದನ್ನು ಹೊತ್ತು ನಿಲ್ಲಬೇಕಾದದ್ದು ಭದ್ರವಾದ ಸ್ಟ್ಯಾಂಡು, ಅದೂ ಗಟ್ಟಿ ನೆಲದ ಮೇಲೆ.

ಇಷ್ಟಾದ ಮೇಲೆ ಲಾರಿಯ ಸರದಿ. ರುಡಾಲ್ಫ್ ಡೀಸೆಲ್ ತಮ್ಮ ಎಂಜಿನ್ನಿಗೆ ಪೇಟೆಂಟ್ ಪಡೆದದ್ದು 1893ರಲ್ಲಿ, ಅದು ನೆಟ್ಟಗೆ ಓಡಿದ್ದು 1897ರಲ್ಲಿ. ಅದರ ತತ್ತ್ವ ಇಂದಿಗೂ ಅದೇ: ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಕುಗ್ಗಿಸಿದರೆ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಆ ಬಿಸಿಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಕಿಡಿ ಬೇಡ, ಕಂಪ್ಯೂಟರು ಬೇಡ. ಹಾಗಾಗಿ ಹಳೆಯ ಡೀಸೆಲ್ ಲಾರಿ ಸ್ಟಾರ್ಟ್ ಆಗದಿದ್ದರೆ ಕಾರಣಗಳ ಪಟ್ಟಿ ಚಿಕ್ಕದು, ಮತ್ತು ಆ ಪಟ್ಟಿಯ ತಲೆಯಲ್ಲಿ ಪೈಪಿನೊಳಗೆ ಹೊಕ್ಕ ಗಾಳಿ ಕೂತಿರುತ್ತದೆ.

ಗಾಳಿಯನ್ನು ಹೊರಗೆ ಕಳಿಸುವ ಕೆಲಸವನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಫಿಲ್ಟರಿನ ತಲೆಯ ಮೇಲಿರುವ ಸಣ್ಣ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ಕೈಪಂಪನ್ನು ಒತ್ತತೊಡಗಿದರೆ ಮೊದಲು ಏನೂ ಬರುವುದಿಲ್ಲ. ಆಮೇಲೆ ಚಿರ್ರೆನ್ನುವ ಸದ್ದಿನೊಡನೆ ನೊರೆ ಬರುತ್ತದೆ. ನೊರೆ ತೆಳುವಾಗಿ ದೊಡ್ಡ ಗುಳ್ಳೆಗಳಾಗುತ್ತದೆ. ಗುಳ್ಳೆಗಳ ನಡುವಿನ ಅಂತರ ಹೆಚ್ಚುತ್ತ ಹೋಗಿ, ಇದ್ದಕ್ಕಿದ್ದಂತೆ ಹೆಬ್ಬೆರಳಿನ ಕೆಳಗೆ ಪಂಪು ಬಿಗಿಯಾಗುತ್ತದೆ ಮತ್ತು ಡೀಸೆಲ್ ಒಡೆಯದ ಎಳೆಯಾಗಿ ಹರಿಯುತ್ತದೆ. ಹಾಗೆ ಹರಿಯುತ್ತಿರುವಾಗಲೇ, ಕೈ ನಿಲ್ಲಿಸದೆ, ಸ್ಕ್ರೂವನ್ನು ಬಿಗಿಯಬೇಕು. ಬಳಿಕ ಪಂಪಿನ ಮೇಲಿನ ಸ್ಕ್ರೂವಿನಲ್ಲಿಯೂ ಇದೇ ಆಟ.

ಲಾರಿ ಸ್ಟಾರ್ಟ್ ಆಗುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಹಳೆಯ ಕಥೆ. ಆಗ ಎಲ್ಲರೂ ಮಾಡುವುದು ಡೀಸೆಲ್ ಸೋರಿದ ಒದ್ದೆ ಗುರುತನ್ನು ಹುಡುಕುವುದು, ಮತ್ತು ಅದು ಸಿಗದೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲುಗಳನ್ನು ಬೈಯುವುದು. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಡೀಸೆಲ್ ಎಳೆಸಿಕೊಂಡು ಬರುತ್ತದೆಯೇ ಹೊರತು ತಳ್ಳಿಸಿಕೊಂಡು ಬರುವುದಿಲ್ಲ. ಆದ್ದರಿಂದ ಅಲ್ಲಿನ ಸೀಳಿನಿಂದ ಡೀಸೆಲ್ ಹೊರಗೆ ಬರುವ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಜಾಯಿಂಟು ಒಣಗಿ, ಧೂಳು ಮೆತ್ತಿಕೊಂಡು, ಸಭ್ಯವಾಗಿ ಕಾಣುತ್ತದೆ. ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿದರೆ ಗುಳ್ಳೆಗಳು ಓಡುವುದು ಕಣ್ಣಿಗೆ ಕಾಣುತ್ತದೆ. ಪೈಪಿನ ಜಾಗವನ್ನು ಟ್ಯಾಂಕಿನ ಕಡೆಗೆ ಬದಲಿಸುತ್ತ ಹೋದರೆ ಗುಳ್ಳೆ ಕಾಣದ ಜಾಗವೊಂದು ಸಿಗುತ್ತದೆ. ದೋಷ ಆ ಜಾಗಕ್ಕೂ ಕೊನೆಯ ಸಲ ಗುಳ್ಳೆ ಕಂಡ ಜಾಗಕ್ಕೂ ನಡುವೆ ಇದೆ. ಈ ಸಲಕರಣೆಗೆ ಹಳತು ಹೊಸತೆಂಬ ಭೇದವಿಲ್ಲ, ಅದು ಸುಳ್ಳು ಹೇಳುವುದೂ ಇಲ್ಲ.

ಹೊಗೆಯ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ: ಕಪ್ಪಾದರೆ ಗಾಳಿಗಿಂತ ಡೀಸೆಲ್ ಹೆಚ್ಚು, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಉರಿಯದ ಡೀಸೆಲ್ಲೋ ಒಳಗೆ ಸೇರಿದ ನೀರೋ. ಆದರೆ ಹೊಗೆ ಯಾವ ಸಿಲಿಂಡರಿನದೆಂದು ಬಣ್ಣ ಹೇಳುವುದಿಲ್ಲ. ಅದಕ್ಕೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ನಾಜಲ್ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿ, ಮುಖವನ್ನು ದೂರವಿಟ್ಟು ಸಡಿಲಿಸಬೇಕು. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು, ಆದ್ದರಿಂದ ಬೆರಳಿನಿಂದ ಮುಟ್ಟಿ ನೋಡುವ ಧೈರ್ಯ ಬೇಡ. ಚೆನ್ನಾಗಿರುವ ಸಿಲಿಂಡರಿನ ಪೈಪು ಸಡಿಲಿಸಿದ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ. ಯಾವುದನ್ನು ಸಡಿಲಿಸಿದರೂ ಶಬ್ದ ಬದಲಾಗುವುದಿಲ್ಲವೋ ಅದು ಮೊದಲಿನಿಂದಲೂ ಕೆಲಸಕ್ಕೆ ಬಾರದೆ ಹಾಜರಿ ಹಾಕುತ್ತಿದ್ದ ಸಿಲಿಂಡರು.

ಹಳೆಯ ಲಾರಿಯನ್ನು ಚೆಂದಗಾಣಿಸಲು ಹೊರಟವರಿಗೆ ವೈರಿಂಗು ಒಂದು ವಿಚಿತ್ರವಾದ ಶಿಕ್ಷೆ ಕೊಡುತ್ತದೆ. ತುಕ್ಕು ಹಿಡಿದಿದ್ದಾಗ ಮಂದವಾಗಿಯಾದರೂ ಉರಿಯುತ್ತಿದ್ದ ದೀಪಗಳು ಚಾಸಿಯನ್ನು ಉಜ್ಜಿ, ಪ್ರೈಮರ್ ಬಳಿದು, ಹೊಳೆಯುವ ಬಣ್ಣ ಹೊಡೆದ ಮೇಲೆ ಉರಿಯುವುದನ್ನೇ ನಿಲ್ಲಿಸುತ್ತವೆ; ಬ್ರೇಕ್ ಒತ್ತಿದರೆ ಇಂಡಿಕೇಟರು ಮಿಣುಕುತ್ತದೆ. ದೀಪದ ಕರೆಂಟು ಬ್ಯಾಟರಿಗೆ ಮರಳುವುದು ಚಾಸಿಯ ಮೂಲಕ, ಮತ್ತು ಬಣ್ಣದ ಮೂಲಕ ಕರೆಂಟು ಹಾಯುವುದಿಲ್ಲ. ಅರ್ತಿಂಗ್ ವೈರು ಕೂರುವ ಜಾಗದಲ್ಲಿ ಒಂದು ನಾಣ್ಯದಷ್ಟು ಬಣ್ಣವನ್ನು ಕೆರೆಯಲು ಮನಸ್ಸು ಬಾರದವರು ವಾರಗಟ್ಟಲೆ ಬಲ್ಬು ಬದಲಿಸುತ್ತಾರೆ. ಸೆಲ್ಫ್ ನಿಧಾನವಾಗಿ ತಿರುಗುವುದಕ್ಕೂ ಎಷ್ಟೋ ಸಲ ಇದೇ ಕಾರಣ. ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಮುಟ್ಟಿಸಿ ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬ್ಯಾಟರಿಯನ್ನು ಬದಲಿಸುವ ಮೊದಲು ಆ ಕೇಬಲ್ಲಿನ ಎರಡೂ ತುದಿಗಳನ್ನು ಉಜ್ಜುವುದು ಲೇಸು. ಮೀಟರೂ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಮೊದಲು ಅದನ್ನು ಹೊಸ ಸೆಲ್ಲೊಂದಕ್ಕೆ ಹಿಡಿದು ನೋಡಬೇಕು. ಒಂದೂವರೆ ವೋಲ್ಟು, ಇಲ್ಲವೇ ಸ್ವಲ್ಪ ಹೆಚ್ಚು ತೋರಿಸದಿದ್ದರೆ ಅದು ಲಾರಿಯ ಬಗ್ಗೆ ಹೇಳುವುದನ್ನು ಕೇಳಬೇಕಾಗಿಲ್ಲ.

ಬಣ್ಣದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಬಣ್ಣ ಕೊನೆಯ ಕೆಲಸ, ಬ್ರೇಕು ಮೊದಲನೆಯದು. ಓಡದೆ ನಿಂತಿದ್ದರೂ ಬ್ರೇಕಿನ ರಬ್ಬರುಗಳಿಗೆ ವಯಸ್ಸಾಗುತ್ತದೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮು ಬಿಚ್ಚಿದಾಗ ಕಾಣುವ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ಡ್ರಮ್ಮಿನವರೆಗೆ ಹೋಗಲು ಚಕ್ರ ಬಿಚ್ಚುವಾಗಲೂ ಒಂದು ಎಚ್ಚರ ಬೇಕು: ಕೆಲವು ಲಾರಿಗಳ ಎಡಗಡೆಯ ಚಕ್ರದ ನಟ್ಟುಗಳಿಗೆ ಎಡ ಥ್ರೆಡ್ ಇರುತ್ತದೆ, ಬಿಚ್ಚುತ್ತಿದ್ದೇವೆಂದುಕೊಂಡವರು ಅಲ್ಲಿ ಮೈಬಲವೆಲ್ಲ ಹಾಕಿ ಬಿಗಿಯುತ್ತಿರುತ್ತಾರೆ.

ಕೊನೆಗೆ ಹೊಸ ಬಿಡಿಭಾಗಗಳು. ಪೆಟ್ಟಿಗೆಯ ಮೇಲೆ ಅದೇ ನಂಬರು ಅಚ್ಚಾಗಿದೆಯೆಂಬ ಕಾರಣಕ್ಕೆ ಒಳಗಿರುವ ಬೇರಿಂಗು ಹಳೆಯದರ ಅಳತೆಯದೇ ಎಂದು ನಂಬುವಂತಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಒಳ ಅಳತೆ, ಹೊರ ಅಳತೆ, ಅಗಲ, ಮೂರನ್ನೂ ದವಡೆಗಳ ನಡುವೆ ಹಿಡಿದು ಅಳೆಯುವ ವರ್ನಿಯರಿನಿಂದ ನೋಡಿಕೊಂಡು ಆಮೇಲೆ ಕೂರಿಸಬೇಕು. ವರ್ನಿಯರಿನ ದವಡೆಗಳನ್ನು ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂಬುದನ್ನು ಅದಕ್ಕೂ ಮೊದಲು ನೋಡಿರಬೇಕು. ಹೊಸದು ಕೂತು ಲಾರಿ ನಾಲ್ಕಾರು ನೂರು ಕಿಲೋಮೀಟರ್ ಓಡಿ ಬರುವವರೆಗೆ ಹಳೆಯದನ್ನು ಗುಜರಿಗೆ ಹಾಕಬಾರದು.