ಎಂಟು ತಲೆಕೆಳಗಾದರೂ ಎಂಟೇ

ಟಿವಿಯಲ್ಲಿ ಯಾರಾದರೂ ಸೇನಾಧಿಕಾರಿ ಮಾತಾಡುತ್ತಿದ್ದರೆ ನನಗೆ ಒಂದು ಮಾತೂ ತಲೆಗೆ ಹೋಗುವುದಿಲ್ಲ. ಕಣ್ಣೆಲ್ಲ ಅವರ ಎಡ ಜೇಬಿನ ಮೇಲ್ಗಡೆ ಇರುತ್ತದೆ. ಅಲ್ಲಿ ಸಾಲಾಗಿ ಕೂತ ಬಣ್ಣದ ಪಟ್ಟಿಗಳನ್ನು ಓದಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ಬೇರೆ ಕಡೆ ತಿರುಗಿರುತ್ತದೆ. "ಏನಂದ್ರು?" ಎಂದು ಮನೆಯವರು ಕೇಳಿದರೆ, "ಎರಡನೇ ಸಾಲು ಸರಿಯಾಗಿ ಕಾಣಲೇ ಇಲ್ಲ" ಎನ್ನುತ್ತೇನೆ.

ಪದಕಗಳನ್ನು ದಿನಾ ಎದೆಗೆ ನೇತುಹಾಕಿಕೊಂಡು ಓಡಾಡೋಕಾಗಲ್ಲ. ಗಲಗಲ ಸದ್ದು ಬೇರೆ. ಅದಕ್ಕೇ ಪದಕವನ್ನು ಪೆಟ್ಟಿಗೆಯಲ್ಲಿಟ್ಟು, ಅದರ ರಿಬ್ಬನ್ನಿನ ಒಂದು ಚೂರನ್ನು ಮಾತ್ರ ತಗಡಿನ ಪಟ್ಟಿಗೆ ಸುತ್ತಿ, ಇಲ್ಲವೇ ಬಟ್ಟೆಗೆ ಹೊಲಿದು, ಪಿನ್ ಮಾಡಿಕೊಳ್ಳುತ್ತಾರೆ. ಇಂಥವು ಸಾಲುಗಟ್ಟಿ ಏರಿದರೆ ಅಮೆರಿಕದ ಸೈನಿಕರು 'ಫ್ರೂಟ್ ಸಲಾಡ್' ಎಂದು ತಮಾಷೆ ಮಾಡುತ್ತಾರೆ. ಹಾಗೆ ಯಾರದೋ ಎದೆಯಿಂದ ಕಳಚಿ ಬಂದ ಪಟ್ಟಿಗಳನ್ನು ಕೂಡಿಹಾಕುವುದು ನನ್ನ ಹುಚ್ಚು. ಪದಕ ಕೂಡಿಸುವವರು ನಮ್ಮನ್ನು ಸ್ವಲ್ಪ ಕೆಳಗಿನ ಜಾಗದಲ್ಲೇ ಕೂರಿಸುತ್ತಾರೆ. ಅವರ ಕೈಯಲ್ಲಿ ಹೆಸರಿದೆ, ನೋಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕದ ಅಂಚು ತಿರುಗಿಸಿದರೆ ಸೈನಿಕನ ನಂಬರು, ಹೆಸರು, ರೆಜಿಮೆಂಟು ಎಲ್ಲ ಅಚ್ಚಾಗಿರುತ್ತದೆ. ನಮ್ಮ ರಿಬ್ಬನ್ ಪಟ್ಟಿಯಲ್ಲಿ ಹೆಸರೇ ಇಲ್ಲ. ಎಲ್ಲಿಗೆ ಹೋಗಿದ್ದ, ಏನು ಮಾಡಿದ ಎಂದು ಅದು ಹೇಳುತ್ತದೆ. ಯಾರು ಎಂದು ಕೇಳಿದರೆ ಸುಮ್ಮನಾಗುತ್ತದೆ.

ಓದುವ ಕ್ರಮ ಸುಲಭ. ಎದುರಿಗೆ ನಿಂತು ನೋಡುವವರ ಎಡಗಡೆಯಿಂದ ಶುರು, ಮೇಲಿನ ಸಾಲಿನಿಂದ ಕೆಳಕ್ಕೆ. ಹೆಚ್ಚಿನ ಗೌರವದ್ದು ಮೊದಲು. ಆಮೇಲೆ ಗೆರೆ ಎಣಿಸಬೇಕು. ಗೆರೆ ಜಾಸ್ತಿ ಇದ್ದರೆ ದೊಡ್ಡದು ಎಂದುಕೊಂಡಿದ್ದೆ. ನಮ್ಮ ಅಶೋಕ ಚಕ್ರ ಅದನ್ನು ಬಿಡಿಸಿತು. ಹಸಿರು ರಿಬ್ಬನ್ನಿನ ಮೇಲೆ ಒಂದೇ ಒಂದು ಕೇಸರಿ ಗೆರೆ ಇದ್ದರೆ ಅಶೋಕ ಚಕ್ರ, ಎರಡಿದ್ದರೆ ಕೀರ್ತಿ ಚಕ್ರ, ಮೂರಿದ್ದರೆ ಶೌರ್ಯ ಚಕ್ರ. ಪರಮವೀರ ಚಕ್ರಕ್ಕಂತೂ ಗೆರೆಯೇ ಇಲ್ಲ, ಬರೀ ನೇರಳೆ. ಬ್ರಿಟನ್ನಿನ ವಿಕ್ಟೋರಿಯಾ ಕ್ರಾಸ್ ಕೂಡ ಹಾಗೇ, ಬರೀ ಕಡುಗೆಂಪು. ತುಂಬಾ ದೊಡ್ಡವರು ಕಡಿಮೆ ಮಾತಾಡುತ್ತಾರಲ್ಲ, ಹಾಗೆ.

ನನ್ನ ಹತ್ತಿರ ಇರುವುದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ನಾಲ್ಕು ರಿಬ್ಬನ್ನಿನ ಒಂದು ಪಟ್ಟಿ. ಎರಡನೇ ಮಹಾಯುದ್ಧದ್ದು. ನನ್ನ ಮಾನ ಕಳೆದದ್ದೂ ಅದೇ.

ಅದು ಕೈಗೆ ಬಂದ ದಿನ ಎಡದಿಂದ ಓದಿದೆ. ಮೊದಲು ಬ್ರಿಟಿಷ್ ಬಾವುಟದ ಮೂರೂ ಬಣ್ಣ ಇರುವ ವಾರ್ ಮೆಡಲ್. ಆಮೇಲೆ ಕೆಂಪು, ಬಿಳಿ, ಹಸಿರಿನ ಇಟಲಿ ಸ್ಟಾರ್. ಅದರ ಪಕ್ಕ ಆಫ್ರಿಕಾ ಸ್ಟಾರ್. ಕೊನೆಗೆ ಮೂರು ಸಮ ಪಟ್ಟೆಗಳ 1939–45 ಸ್ಟಾರ್. ಸ್ಟಾರ್ ಎಂದರೆ ಆ ಯುದ್ಧದಲ್ಲಿ ಸೇವೆ ಮಾಡಿದವರಿಗೆ ಕೊಟ್ಟ ನಕ್ಷತ್ರದಾಕಾರದ ಪದಕ; ಇವುಗಳ ಸಾಲು ಹೆಚ್ಚುಕಡಿಮೆ ಯುದ್ಧ ನಡೆದ ಕ್ರಮದಲ್ಲೇ ಇರುತ್ತದೆ. ನನಗೆ ತಲೆ ಬುಡ ಗೊತ್ತಾಗಲಿಲ್ಲ. ಇವನು ಮೊದಲು ಯುದ್ಧ ಗೆದ್ದು, ಆಮೇಲೆ ಇಟಲಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಆಫ್ರಿಕಾಕ್ಕೆ ಹೋಗಿ, ಕೊನೆಯಲ್ಲಿ ಸೈನ್ಯ ಸೇರಿದನೇ? ಯಾರೋ ಸಿಕ್ಕಿದ ಚೂರುಗಳನ್ನು ಜೋಡಿಸಿ ಟೋಪಿ ಹಾಕಿದ್ದಾರೆ ಎಂದು ತೀರ್ಮಾನಿಸಿ ಡಬ್ಬಿಯ ತಳಕ್ಕೆ ಹಾಕಿದೆ. ಅಲ್ಲೇ ಎರಡು ತಿಂಗಳು ಬಿದ್ದಿತ್ತು.

ನಾನು ಅದನ್ನು ತಲೆಕೆಳಗಾಗಿ ಹಿಡಿದಿದ್ದೆ, ಅಷ್ಟೇ.

ಮೋಸ ಮಾಡಿದ್ದು ಆಫ್ರಿಕಾ ಸ್ಟಾರ್ ಮೇಲಿದ್ದ ಪುಟ್ಟ ಬೆಳ್ಳಿ ಬಣ್ಣದ 8. ಅದನ್ನು ಉಲ್ಟಾ ಹಿಡಿದರೂ 8 ಆಗಿಯೇ ಕಾಣುತ್ತದೆ. ನಮ್ಮ ಕನ್ನಡದ ೮ ಆಗಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು! ಬಣ್ಣಗಳು ಕೂಗಿ ಹೇಳುತ್ತಿದ್ದವು, ನಾನೇ ಕೇಳಿಸಿಕೊಳ್ಳಲಿಲ್ಲ. ಆಫ್ರಿಕಾ ಸ್ಟಾರಿನ ಮೈಯೆಲ್ಲ ಮರಳಿನ ಬಣ್ಣ, ಮರುಭೂಮಿಯ ಲೆಕ್ಕದಲ್ಲಿ. ನಡುವೆ ಭೂಸೇನೆಯ ಕೆಂಪು, ಒಂದು ಬದಿಗೆ ನೌಕಾಪಡೆಯ ಕಡು ನೀಲಿ, ಇನ್ನೊಂದು ಬದಿಗೆ ವಾಯುಪಡೆಯ ತಿಳಿ ನೀಲಿ. ಕಡು ನೀಲಿ ನೋಡುವವರ ಎಡಕ್ಕೆ ಇರಬೇಕು. ನನಗೆ ಎಡಕ್ಕೆ ಕಂಡದ್ದು ತಿಳಿ ನೀಲಿ.

ನೇರ ಮಾಡಿ ಹಿಡಿದ ಮೇಲೆ ಮನುಷ್ಯ ಸರಿಯಾದ ದಾರಿಯಲ್ಲಿ ನಡೆದ. ಆ 8 ಎಂದರೆ ಬ್ರಿಟನ್ನಿನ ಎಂಟನೇ ಸೇನೆ. 1942ರ ಅಕ್ಟೋಬರ್ 23ರಿಂದ, ಅಂದರೆ ಈಜಿಪ್ಟಿನ ಎಲ್ ಅಲಮೀನ್‌ನ ದೊಡ್ಡ ಕದನ ಶುರುವಾದ ದಿನದಿಂದ, 1943ರ ಮೇ 12ರೊಳಗೆ ಆ ಸೇನೆಯಲ್ಲಿ ಇದ್ದವರಿಗೆ ಅದು. ಮೇ 12ಕ್ಕೆ ಆಫ್ರಿಕಾ ಸ್ಟಾರಿನ ಲೆಕ್ಕ ಮುಗಿಯುತ್ತದೆ. ಇಟಲಿ ಸ್ಟಾರಿನ ಲೆಕ್ಕ ಶುರುವಾಗುವುದು ಜೂನ್ 11ಕ್ಕೆ. ರಿಬ್ಬನ್ ಪ್ರಕಾರ ನಡುವೆ ಒಂದು ತಿಂಗಳು ರಜ. ನಿಜವಾಗಿ ಅವನಿಗೆ ರಜ ಸಿಕ್ಕಿತೋ ಇಲ್ಲವೋ, ಪಾಪ.

ಒಂದು ಸಲ ಪೆಟ್ಟು ತಿಂದವನು ಎಲ್ಲದಕ್ಕೂ ಅನುಮಾನ ಪಡುತ್ತಾನೆ. ಈಗ ಹೊಸ ಪಟ್ಟಿ ಬಂದರೆ ಮೊದಲು ಸ್ಕೇಲು ತೆಗೆಯುತ್ತೇನೆ. ಬ್ರಿಟಿಷ್ ರಿಬ್ಬನ್ ಸಾಮಾನ್ಯವಾಗಿ 32 ಮಿಲಿಮೀಟರ್ ಅಗಲ, ಅಮೆರಿಕದ್ದು 35. ಮೂರು ಮಿಲಿಮೀಟರಲ್ಲಿ ಒಂದು ದೇಶ ಬದಲಾಗುತ್ತದೆ. ಆಮೇಲೆ ದೀಪ ಆರಿಸಿ ನೇರಳಾತೀತ ಟಾರ್ಚು ಬಿಡುತ್ತೇನೆ. ಹಳೆಯ ಹತ್ತಿ, ರೇಷ್ಮೆ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತವೆ, ಇತ್ತೀಚಿನ ಸಿಂಥೆಟಿಕ್ ದಾರ ಬೆಳ್ಳಗೆ ಉರಿಯುತ್ತದೆ. ಇದನ್ನೂ ಪೂರ್ತಿ ನಂಬೋ ಹಾಗಿಲ್ಲ. ಯಾರೋ ಸ್ವಚ್ಛತೆಯ ಭಕ್ತರು ಅಸಲಿ ಪಟ್ಟಿಯನ್ನು ಡಿಟರ್ಜೆಂಟಿನಲ್ಲಿ ಅದ್ದಿ ತೆಗೆದಿದ್ದರೆ ಅದೂ ಮದುವೆ ಮನೆಯ ಹಾಗೆ ಹೊಳೆಯುತ್ತದೆ. ಬಿಸಿಲಿಗೆ ಬಣ್ಣ ಹೋಗಿದ್ದರೆ ಹಿಂದಿನ ಮಡಿಕೆ ಬಿಡಿಸಿ ನೋಡಬೇಕು. ಹೊಲಿದ ದಿನದ ಬಣ್ಣ ಅಲ್ಲಿ ಅವಿತಿರುತ್ತದೆ.

ಹಳೆಯ ಫೋಟೋಗಳದ್ದು ಇನ್ನೊಂದು ಪೇಚು. ಮೊದಲ ಮಹಾಯುದ್ಧದ ಕಾಲದ ಎಷ್ಟೋ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ನಮ್ಮ ಕಣ್ಣಿಗೆ ಕಡು ಬಣ್ಣದ ಪಟ್ಟೆ ಅಲ್ಲಿ ತಿಳಿ, ತಿಳಿಯದ್ದು ಕಡು. ಅಂಥ ಫೋಟೋ ಮುಂದೆ ಕೂತರೆ ಊಟ ತಣ್ಣಗಾಗುತ್ತದೆ, ಮನೆಯವರು ಬಿಸಿಯಾಗುತ್ತಾರೆ.

ಆ ನಾಲ್ಕು ರಿಬ್ಬನ್ನಿನ ಪಟ್ಟಿಯನ್ನೂ ಟಾರ್ಚಿನ ಕೆಳಗೆ ಹಿಡಿದೆ. ಹೊಳೆಯಲಿಲ್ಲ. ಹಿಂಬದಿ ತಿರುಗಿಸಿದರೆ ಮೂರು ರಿಬ್ಬನ್ನುಗಳ ಹೊಲಿಗೆ ಒಂದೇ ಸಮ, ಸಣ್ಣದು, ಕಪ್ಪು ದಾರ. ಇಟಲಿ ಸ್ಟಾರಿನದ್ದು ಮಾತ್ರ ಬೇರೆ. ದಪ್ಪ ಖಾಕಿ ದಾರ, ಒಂದು ಹೊಲಿಗೆ ಉದ್ದ, ಇನ್ನೊಂದು ಗಿಡ್ಡ, ಕೊನೆಗೊಂದು ಕಡಲೆ ಗಾತ್ರದ ಗಂಟು. ಯಾವ ದರ್ಜಿಯೂ ಹಾಗೆ ಹೊಲಿಯುವುದಿಲ್ಲ. ಆ ಒಂದು ರಿಬ್ಬನ್ ಯಾವಾಗಲೋ ಬಿಚ್ಚಿಕೊಂಡಿರಬೇಕು, ಅವನೇ ಎಲ್ಲೋ ಕೂತು ಮತ್ತೆ ಹಾಕಿಕೊಂಡಿರಬೇಕು. ಗಂಟನ್ನು ಮುಟ್ಟದೆ ಹಾಗೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈ ಸಲ ನೇರವಾಗಿ, ಕಡು ನೀಲಿ ಎಡಕ್ಕೆ.